ಹದಿನಾರು ಅಡಿಯ ಸಾಲ

ಪೈಥಾಗೊರಸನ ಪ್ರಮೇಯ ಶಾಲೆ ಬಿಟ್ಟ ಮೇಲೆ ಯಾರ ಉಪಯೋಗಕ್ಕೂ ಬರುವುದಿಲ್ಲ ಎನ್ನುವವರು ಬೆಂಗಳೂರಿನ 30–40 ಸೈಟಿನಲ್ಲಿ ಹ್ಯಾಮ್ ರೇಡಿಯೊ ಆಂಟೆನಾ ಕಟ್ಟಿದವರಲ್ಲ. 30ರ ವರ್ಗಕ್ಕೆ 40ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಚೊಕ್ಕವಾಗಿ 50 ಬರುತ್ತದೆ. ಬ್ಯಾಂಕಿನ ಕಂತು ಕಟ್ಟಿ ನಮ್ಮದಾಗಿಸಿಕೊಂಡ ಜಾಗದಲ್ಲಿ ಆಗ್ನೇಯದಿಂದ ವಾಯವ್ಯಕ್ಕೆ ಎಳೆದರೂ ಅಷ್ಟೆ, ಈಶಾನ್ಯದಿಂದ ನೈಋತ್ಯಕ್ಕೆ ಎಳೆದರೂ ಅಷ್ಟೆ; 50 ಅಡಿಗಿಂತ ಉದ್ದದ ನೇರ ತಂತಿ ಹಿಡಿಸುವುದಿಲ್ಲ. 40 ಮೀಟರ್ ಬ್ಯಾಂಡಿನ ಸಾದಾ ಡೈಪೋಲ್ ಆಂಟೆನಾ ಕೇಳುವುದು 66 ಅಡಿ. ಇದಕ್ಕೆ ವಾಸ್ತುವಿನವರ ಹತ್ತಿರವೂ ಪರಿಹಾರವಿಲ್ಲ. ಬಾಕಿ 16 ಅಡಿಯನ್ನು ಪಕ್ಕದ ಮನೆಯವರಿಂದಲೇ ಸಾಲ ತರಬೇಕು.

ಹ್ಯಾಮ್ ಎಂದರೇನೆಂದು ತಿಳಿಯದವರಿಗೆ ಎರಡು ಮಾತು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ಪಡೆದು, ಮನೆಯಲ್ಲೇ ಕೂತು ಊರೂರಿನವರ ಜೊತೆ ನಿಸ್ತಂತುವಿನಲ್ಲಿ ಮಾತಾಡುವ ಹವ್ಯಾಸಿಗಳು ಹ್ಯಾಮ್‌ಗಳು. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆಗೆ ಕೂರಬಹುದು. ಮೋರ್ಸ್ ತಂತಿಸಂಕೇತ ಬಾರದವರಿಗೆ ರಿಸ್ಟ್ರಿಕ್ಟೆಡ್ ಗ್ರೇಡು, ಅವರ ಕರೆಸಂಕೇತ ವಿಯು3 ಎಂದು ಶುರುವಾಗುತ್ತದೆ. ಅದರ ಕಟ್ಟ-ಕಡ ಕಲಿತವರಿಗೆ ಜನರಲ್ ಗ್ರೇಡು, ವಿಯು2. ಬೆಂಗಳೂರಿನಲ್ಲಿ ಈ ಮಂದಿಯ ಕ್ಲಬ್ಬೊಂದು 1959ರಿಂದಲೂ ಇದೆ. ಯಾವ ತರಂಗಾಂತರದಲ್ಲಿ ಮಾತಾಡಬೇಕು, ಎಷ್ಟು ವಾಟ್ ಬಳಸಬೇಕು, ಏನು ಮಾತಾಡಬಾರದು ಎಂಬುದಕ್ಕೆಲ್ಲ ನಿಯಮ ಉಂಟು. ತಂತಿಯ ಇನ್ನೊಂದು ತುದಿಯನ್ನು ಎಲ್ಲಿಗೆ ಕಟ್ಟಬೇಕು ಎಂಬುದಕ್ಕೆ ಮಾತ್ರ ಯಾವ ಪುಸ್ತಕದಲ್ಲೂ ಉತ್ತರವಿಲ್ಲ.

ರೇಡಿಯೊ ಸೆಟ್ಟನ್ನು ಈಗ ಬಹುತೇಕ ಎಲ್ಲರೂ ಕೊಂಡೇ ತರುತ್ತಾರೆ. ಒಳಗೆ ಬಿಚ್ಚಿ ನೋಡಿದರೆ ಸಾಸಿವೆಗಿಂತ ಚಿಕ್ಕ ಬಿಡಿಭಾಗಗಳು. ಕನ್ನಡಕ ಬಂದ ಕಣ್ಣಿಗೆ ಅವು ಕಾಣುವುದೇ ಇಲ್ಲ. ಸಾಮಾನ್ಯನ ಕೈಗೆ ಉಳಿದಿರುವ ಒಂದೇ ಭಾಗ ಆಂಟೆನಾ. ಅದಕ್ಕೆ ಬೇಕಾದ ಗಣಿತವೂ ಒಂದು ಸಾಲಿನದು: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತಂತಿಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 40 ಮೀಟರ್ ಬ್ಯಾಂಡಿನ 7.1 ಮೆಗಾಹರ್ಟ್ಸ್‌ಗೆ 20 ಮೀಟರ್ ಚಿಲ್ಲರೆ, ಅಂದರೆ ಅದೇ 66 ಅಡಿ. ನಡುವೆ ಕತ್ತರಿಸಿ ಎರಡು ತೋಳು ಮಾಡಿ, ಕತ್ತರಿಸಿದ ಕಡೆ ಕೇಬಲ್ ಜೋಡಿಸಿದರೆ ಡೈಪೋಲ್ ಸಿದ್ಧ. ತಂತಿ ಮನೆ ವೈರಿಂಗಿನದು, ನಡುವಿನ ಇನ್ಸುಲೇಟರು ಪಿವಿಸಿ ಪೈಪಿನ ಟೀ, ತುದಿಯ ಇನ್ಸುಲೇಟರು ಅದೇ ಪೈಪಿನ ಎರಡು ತುಂಡು. ಇಷ್ಟೂ ಪಕ್ಕದ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಆದರೂ ಹ್ಯಾಮ್ ಆದವನು ಎಸ್.ಪಿ. ರಸ್ತೆಗೇ ಹೋಗುತ್ತಾನೆ. ಅಲ್ಲಿ ಪಿಎಲ್-259 ಕನೆಕ್ಟರ್ ಒಂದನ್ನು ಕೊಳ್ಳಲು ಅರ್ಧ ದಿನ ಸುತ್ತುವುದು ಈ ಹವ್ಯಾಸದ ತೀರ್ಥಯಾತ್ರೆ.

ಜಾಗ ಸಾಲದವರಿಗೆ ಉಪಾಯಗಳಿಲ್ಲವೆಂದಲ್ಲ. ನಡುವನ್ನು ಎತ್ತರದ ಕೋಲಿಗೇರಿಸಿ ಎರಡು ತೋಳನ್ನೂ ಕೆಳಕ್ಕೆ ಇಳಿಬಿಟ್ಟರೆ ತಲೆಕೆಳಗಾದ ವಿ. ತೋಳುಗಳ ನಡುವಿನ ಕೋನ 90 ಡಿಗ್ರಿಗೆ ಬಂದರೆ 66 ಅಡಿ ತಂತಿ 47 ಅಡಿ ಅಗಲದಲ್ಲಿ ಮುಗಿಯುತ್ತದೆ, ಸೈಟಿನೊಳಗೇ. ತೊಂದರೆ ಏನೆಂದರೆ, ಡೈಪೋಲಿನ ನಡುವೆ ಕರೆಂಟು ಹೆಚ್ಚು, ತುದಿಯಲ್ಲಿ ವೋಲ್ಟೇಜು ಹೆಚ್ಚು. ಆ ತುದಿಗಳು ಇಳಿದು ಬರುವುದು ಸರಿಯಾಗಿ ಹಪ್ಪಳ ಒಣಹಾಕುವ ಮೂಲೆಗೆ. 100 ವಾಟಿನಲ್ಲಿ ಮಾತಾಡುವಾಗ ಆ ತುದಿ ಮುಟ್ಟಿದವರ ಬೆರಳು ಸುಡುತ್ತದೆ. ಮನೆಯವರ ಬೆರಳು ಸುಟ್ಟ ಮೇಲೆ ಆಂಟೆನಾ ತಾರಸಿಯ ಮೇಲೆ ಎಷ್ಟು ಹೊತ್ತು ಉಳಿದೀತು? ಆದ್ದರಿಂದ ತುದಿ ಎತ್ತರದಲ್ಲೇ ಇರಬೇಕು. ಎತ್ತರ ಬೇಕೆಂದಾಗ ಕಣ್ಣು ಹೋಗುವುದು ಪಕ್ಕದ ಮನೆಯ ಅಜ್ಜಿಯ ತೆಂಗಿನ ಮರದ ಕಡೆಗೆ.

"ಏನಪ್ಪಾ, ಅದರಲ್ಲಿ ಕರೆಂಟು ಹರಿಯತ್ತಾ?" ಎಂದು ಅಜ್ಜಿ ಕೇಳಿದರು. ಇದು ಸರಳ ಪ್ರಶ್ನೆ. ಉತ್ತರ ಸರಳವಲ್ಲ.

"ನಿಮ್ಮ ಮರಕ್ಕೆ ಬರೋದು ಬರೀ ನೈಲಾನ್ ಹಗ್ಗ, ಅಜ್ಜಿ. ತಂತಿ ಅದಕ್ಕೆ ಮುಂಚೇನೇ ಮುಗಿದುಹೋಗತ್ತೆ."

"ಕಾಯಿ ಉದುರೋದಿಲ್ಲ ತಾನೆ?"

"ಇಲ್ಲಜ್ಜಿ."

"ಉದುರಿದ್ರೆ ಒಳ್ಳೇದೇ ಆಗಿತ್ತು, ಕಾಯಿ ಕೀಳೋನು ಫೋನೇ ಎತ್ತಲ್ಲ. ಅವನು ಬಂದಾಗ ಕಟ್ಟಿಸ್ಕೋ."

ಹೀಗೆ ನನ್ನ ಆಂಟೆನಾದ ಸುಧಾರಣೆ ಕಾಯಿ ಕೀಳುವವನ ಪಂಚಾಂಗಕ್ಕೆ ಒಳಪಟ್ಟಿತು. ಅವನು ಮರ ಹತ್ತುವುದು ಎರಡು ಮೂರು ತಿಂಗಳಿಗೊಮ್ಮೆ. ಸೊಂಟಕ್ಕೆ ಮಚ್ಚು, ಭುಜದ ಮೇಲೆ ನನ್ನ ಹಗ್ಗ. "ಎಷ್ಟು ಮೇಲೆ ಸಾರ್?" ಎಂದು ಅವನು ಮೇಲಿಂದ ಕೂಗುತ್ತಾನೆ. ಕೆಳಗೆ ನಿಂತ ನನಗೆ ಅವನ ಹಿಮ್ಮಡಿ ಮಾತ್ರ ಕಾಣುತ್ತದೆ.

ಮರಕ್ಕೆ ಬಿಗಿಯಾಗಿ ಕಟ್ಟಿದರೆ ಮೊದಲ ಆಷಾಢದ ಗಾಳಿಗೇ ತಂತಿ ಹರಿಯುತ್ತದೆ, ಏಕೆಂದರೆ ಮರ ತೂಗುತ್ತದೆ, ಮನೆ ತೂಗುವುದಿಲ್ಲ. ಬಲ್ಲವರು ಮರಕ್ಕೊಂದು ಚಿಕ್ಕ ರಾಟೆ ಬಿಗಿದು, ಹಗ್ಗವನ್ನು ಅದರ ಮೇಲೆ ಹಾಯಿಸಿ, ಕೆಳತುದಿಗೆ ನೀರು ತುಂಬಿದ ಐದು ಲೀಟರಿನ ಕ್ಯಾನು ತೂಗುಬಿಡುತ್ತಾರೆ. ಮರ ಆ ಕಡೆ ವಾಲಿದರೆ ಕ್ಯಾನು ಏರುತ್ತದೆ, ಈ ಕಡೆ ಬಾಗಿದರೆ ಇಳಿಯುತ್ತದೆ, ತಂತಿಯ ಬಿಗುವು ಮಾತ್ರ ಬದಲಾಗುವುದಿಲ್ಲ. ತುಂಬಾ ಎಳೆದರೆ ಒಂದು ಲೋಟ ನೀರು ಚೆಲ್ಲಿದರಾಯಿತು. ಇಷ್ಟು ನಾಜೂಕಾದ ಯಂತ್ರವನ್ನು ಅಂಗಡಿಯಲ್ಲಿ ಕೊಂಡ ಆಂಟೆನಾದ ಜೊತೆ ಯಾರೂ ಕೊಡುವುದಿಲ್ಲ. ಅಜ್ಜಿಯ ಮೊಮ್ಮಗ ಆ ಕ್ಯಾನಿಗೆ ಕಣ್ಣು ಮೂಗು ಬರೆದಿದ್ದಾನೆ, ದೃಷ್ಟಿಗೂ ಆಯಿತು.

ಏರಿಸಿದ ಮೇಲೆ ಅಳತೆಯ ಶಾಸ್ತ್ರ. ಸೂತ್ರ ಕೊಟ್ಟ ಉದ್ದ ಬರೀ ಮುನ್ನುಡಿ. ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ಅದಕ್ಕಿಂತ ತುಸು ಗಿಡ್ಡವೇ ಸಾಕು. ನೆಲ, ಮರ, ಕಬ್ಬಿಣದ ಗ್ರಿಲ್ಲು, ತಾರಸಿಯ ಸರಳು ಎಲ್ಲವೂ ಲೆಕ್ಕವನ್ನು ಸ್ವಲ್ಪ ಸ್ವಲ್ಪ ಎಳೆಯುತ್ತವೆ. ಅದಕ್ಕೇ ತಂತಿಯನ್ನು ಉದ್ದವಾಗಿಯೇ ಬಿಟ್ಟು, ಹೆಚ್ಚಾದದ್ದನ್ನು ಕತ್ತರಿಸದೆ ತುದಿಯಲ್ಲಿ ಹಿಂದಕ್ಕೆ ಮಡಚಿ ಸುತ್ತುವುದು ಜಾಣತನ. ಸರಿಹೋಯಿತೋ ಇಲ್ಲವೋ ಎಂದು ಹೇಳುವುದು, ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸು ಬಂತೆಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರು. ಬೀಗರ ಮನೆಗೆ ಡಬ್ಬದ ತುಂಬ ಚಕ್ಕುಲಿ ಕಳಿಸಿದ ವ್ಯವಹಾರ ಇದು. ಒಗ್ಗಿದರೆ ಡಬ್ಬ ಖಾಲಿಯಾಗಿ ಬರುತ್ತದೆ, ಒಗ್ಗದಿದ್ದರೆ ಚಕ್ಕುಲಿಯೂ ವಾಪಸು ಬರುತ್ತದೆ. ಮೀಟರು 1.5 ತೋರಿಸಿದರೆ 100ಕ್ಕೆ 4 ಚಕ್ಕುಲಿ ವಾಪಸು, 2 ತೋರಿಸಿದರೆ 11, 3 ಆದರೆ 25. ಬರೀ 4 ಚಕ್ಕುಲಿಗೋಸ್ಕರ ಭಾನುವಾರವಿಡೀ ತಾರಸಿ ಹತ್ತಿ ಇಳಿಯುವ ಹ್ಯಾಮ್‌ಗಳಿದ್ದಾರೆ. ಕೆಟ್ಟ ಕೇಬಲ್ ಬಳಸುವವರ ಮೀಟರು ಇನ್ನೂ ಚೆನ್ನಾಗಿ ತೋರಿಸುತ್ತದೆ. ಹೋಗುವಾಗ ಅರ್ಧ, ಬರುವಾಗ ಅರ್ಧ ದಾರಿಯಲ್ಲೇ ತಿಂದು ಮುಗಿಸಿದರೆ ಡಬ್ಬ ಖಾಲಿಯೇ ಬರಬೇಕಲ್ಲ! ಆರ್‌ಜಿ-58 ಎಂಬ ತೆಳ್ಳನೆಯ ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ಸಾಧು, 145ರಲ್ಲಿ ಮಹಾ ತಿಂಡಿಪೋತ; 30 ಮೀಟರ್ ಎಳೆದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಅದರಲ್ಲೇ ಬಿಸಿಯಾಗಿ ಹೋಗುತ್ತದೆ.

ಈಗ ನ್ಯಾನೊವಿಎನ್‌ಎ ಎಂಬ ಅಂಗೈಯಗಲದ ಉಪಕರಣ ಕೆಲವೇ ಸಾವಿರಕ್ಕೆ ಸಿಗುತ್ತದೆ. ಆಂಟೆನಾದ ನಾಡಿಬಡಿತವನ್ನೆಲ್ಲ ಗೆರೆಯಲ್ಲಿ ಬರೆದು ತೋರಿಸುತ್ತದೆ. ಅದು ಬಂದ ಮೇಲೆ ಹ್ಯಾಮ್‌ಗಳು ಮಾತಾಡುವುದು ಕಡಿಮೆಯಾಗಿ, ಅಳೆಯುವುದು ಹೆಚ್ಚಾಗಿದೆ ಎಂದು ನನ್ನ ಗುಮಾನಿ. ಸುಧಾರಣೆಯಿಂದ ನಿಜಕ್ಕೂ ಲಾಭವಾಯಿತೇ ಎಂದು ಕಂಡುಹಿಡಿಯುವುದು ಬೇರೆಯೇ ಕಷ್ಟ. ಆಚೆ ಕಡೆಯವರನ್ನು ಕೇಳಿದರೆ ಅವರು ಮರ್ಯಾದಸ್ಥರು. "ನಿಮ್ಮ ಸಿಗ್ನಲ್ ಐದು-ಒಂಬತ್ತು, ಅದ್ಭುತವಾಗಿದೆ. ಹೆಸರು ಇನ್ನೊಮ್ಮೆ ಹೇಳ್ತೀರಾ, ಕೇಳಿಸಲಿಲ್ಲ" ಎನ್ನುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಮೀಟರಿಗೆ ಕೊಡುವ ಗಮನದ ಅರ್ಧ ಎತ್ತರಕ್ಕೆ ಕೊಡಬೇಕು. 40 ಮೀಟರ್ ಡೈಪೋಲ್ ದೂರದೇಶ ಮುಟ್ಟಬೇಕಾದರೆ ನೆಲದಿಂದ ಅರ್ಧ ತರಂಗದಷ್ಟು, ಅಂದರೆ ಮತ್ತೆ ಅದೇ 66 ಅಡಿ ಏರಬೇಕು. ಎರಡಂತಸ್ತಿನ ಮನೆಯ ಮೇಲೆ, ತೆಂಗಿನ ಮರದ ಕುತ್ತಿಗೆಗೆ ಕಟ್ಟಿದ್ದು ಮೂವತ್ತೋ ಮೂವತ್ತೈದೋ ಅಡಿಯಲ್ಲಿರುತ್ತದೆ. ಅಷ್ಟು ಕೆಳಗಿದ್ದರೆ ಅಲೆ ಹೆಚ್ಚಾಗಿ ನೆತ್ತಿಯ ಕಡೆಗೇ ಏರಿ, ನೂರಾರು ಕಿಲೊಮೀಟರ್ ಮೇಲಿರುವ ಅಯಾನುಗೋಳಕ್ಕೆ ಬಡಿದು, ಸುತ್ತಲಿನ ನಾನೂರೈನೂರು ಕಿಲೊಮೀಟರಿಗೆ ಮಳೆಗರೆಯುತ್ತದೆ. ಅದರಿಂದ ಬ್ರೆಜಿಲ್ ಸಿಗುವುದು ಕಷ್ಟ. ಧಾರವಾಡ ಮಾತ್ರ ಪಕ್ಕದ ಕೋಣೆಯಲ್ಲಿ ಕೂತು ಮಾತಾಡುತ್ತದೆ. ಮಂಗಳೂರು, ಹೈದರಾಬಾದು, ಚೆನ್ನೈ ಕೂಡ. ಇದನ್ನು ಕೊರತೆ ಎಂದು ಕೊರಗುವವರಿದ್ದಾರೆ. ಬೆಳಗಿನ ಕಾಫಿಯ ಹೊತ್ತಿಗೆ 7 ಮೆಗಾಹರ್ಟ್ಸ್‌ನಲ್ಲಿ ಕನ್ನಡ ಕೇಳಿಬರುವಾಗ ನನಗೆ ಬ್ರೆಜಿಲ್ ನೆನಪಾಗುವುದಿಲ್ಲ.

ಆಂಟೆನಾ ಎಂದರೆ ನಮ್ಮವರಿಗೆ ಹೊಸದೂ ಅಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿದರು. ನೆರೆಹೊರೆಯವರನ್ನು ಒಪ್ಪಿಸುವ ಕೆಲಸಕ್ಕೆ ಮನಶ್ಶಾಸ್ತ್ರದಷ್ಟು ಒದಗುವ ವಿದ್ಯೆ ಬೇರೆ ಇರಲಿಕ್ಕಿಲ್ಲ. ಆಮೇಲೆ ದೂರದರ್ಶನದ ಕಾಲದಲ್ಲಿ ಪ್ರತಿ ಮನೆಯ ತಾರಸಿಯ ಮೇಲೂ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಎದ್ದಿತು. ಅದು ಯಾಗಿ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಶಿಂತಾರೊ ಉದಾ ಮತ್ತು ಅವರ ಗುರು ಹಿದೆತ್ಸುಗು ಯಾಗಿ 1926ರ ಹೊತ್ತಿಗೆ ರೂಪಿಸಿದ್ದು. ಹೆಚ್ಚು ದುಡಿದವರು ಉದಾ, ಹೆಸರು ನಿಂತದ್ದು ಗುರುಗಳದು. ಇದನ್ನು ವಿವರಿಸಿ ಹೇಳುವ ಅಗತ್ಯ ನಮ್ಮ ವಿಶ್ವವಿದ್ಯಾಲಯಗಳವರಿಗಿಲ್ಲ. ಜಪಾನೀಯರು ಈ ಆಂಟೆನಾವನ್ನು ಮೂಲೆಗೆ ಹಾಕಿದರು, ಬ್ರಿಟಿಷರು ರೇಡಾರಿಗೆ ಬಳಸಿದರು. 1942ರಲ್ಲಿ ಸಿಂಗಪುರ ಗೆದ್ದ ಜಪಾನಿ ಸೇನೆಗೆ ಬ್ರಿಟಿಷ್ ಸೈನಿಕನೊಬ್ಬನ ಟಿಪ್ಪಣಿಯಲ್ಲಿ 'ಯಾಗಿ' ಎಂಬ ಪದ ಸಿಕ್ಕಿತು. ಏನಿದು ಎಂದು ಸೆರೆಯಾಳನ್ನು ಕೇಳಿದರೆ, ನಿಮ್ಮದೇ ಪ್ರೊಫೆಸರರ ಹೆಸರು ಎಂದನಂತೆ.

ಕೇಬಲ್ಲು, ಡಿಶ್ಶು ಬಂದು ಯಾಗಿಗಳೆಲ್ಲ ಗುಜರಿ ಸೇರಿದವು. ಅಲ್ಲಿಂದ ಅವನ್ನು ಹೊತ್ತು ತರುವವರು ಹ್ಯಾಮ್‌ಗಳು ಮಾತ್ರ. ಕಡ್ಡಿ ಸಿಗದಿದ್ದರೆ ಬಡಗಿಯ ಉಕ್ಕಿನ ಅಳತೆಪಟ್ಟಿಯೂ ಆದೀತು. ಒಂದು ಮೀಟರಿಗಿಂತ ತುಸು ಉದ್ದದ ತುಂಡು ಹಿಂದೆ, 90 ಸೆಂಟಿಮೀಟರಿನದು ಮುಂದೆ, ನಡುವೆ ಎರಡಾಗಿ ಕತ್ತರಿಸಿದ್ದು; ಎಲ್ಲಕ್ಕೂ ಆಧಾರ ಪಿವಿಸಿ ಪೈಪು. ಬೆಸುಗೆ ಹಾಕುವ ಮುನ್ನ ಹಳದಿ ಬಣ್ಣ ಕೆರೆಯಬೇಕು, ಇಲ್ಲವಾದರೆ ಸೀಸ ಹಿಡಿಯುವುದಿಲ್ಲ. ಬಚ್ಚಿಟ್ಟ ಪ್ರೇಷಕವನ್ನು ಹುಡುಕುವ 'ನರಿಬೇಟೆ'ಗೆ ಇದನ್ನೇ ಹಿಡಿದು ಓಡುತ್ತಾರೆ. ಪೊದೆಗೆ ಸಿಕ್ಕರೆ ಪಟ್ಟಿ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಇಸ್ರೊ 2005ರಲ್ಲಿ ಹವ್ಯಾಸಿಗಳಿಗೆಂದೇ ಹ್ಯಾಮ್‌ಸ್ಯಾಟ್ ಎಂಬ 42.5 ಕಿಲೊ ತೂಕದ ಉಪಗ್ರಹ ಹಾರಿಸಿತ್ತು. 2014ರವರೆಗೆ ಅದು ಬದುಕಿತ್ತು. ಅದು ತಲೆಯ ಮೇಲೆ ಹಾಯುವ ಹತ್ತು ಹದಿನೈದು ನಿಮಿಷ ಇಂಥದೊಂದು ಯಾಗಿಯನ್ನು ಆಕಾಶಕ್ಕೆ ಹಿಡಿದು ನಿಧಾನ ತಿರುಗುವವರನ್ನು ಕಂಡು ಎದುರುಮನೆಯ ತಾರಸಿಯವರು ಸೂರ್ಯನಮಸ್ಕಾರದ ಹೊಸ ಪದ್ಧತಿ ಎಂದುಕೊಂಡದ್ದುಂಟು.

ಸಾಲ ಒಂದೇ ಕಡೆಯದಲ್ಲ ಎಂಬುದನ್ನೂ ಹೇಳಬೇಕು. ನೆರೆಮನೆಯ ಅಗ್ಗದ ಎಲ್‌ಇಡಿ ಬಲ್ಬು, ಫೋನಿನ ಚಾರ್ಜರು, ಬೆಳಗಿನ ಚಟ್ನಿಯ ಮಿಕ್ಸಿ ಎಲ್ಲವೂ ನನ್ನ ರೇಡಿಯೊದಲ್ಲಿ ಗೊರಗೊರ ಎನ್ನುತ್ತವೆ. ಅಜ್ಜಿಯ ಮನೆಯಲ್ಲಿ ಇಡ್ಲಿಯೋ ದೋಸೆಯೋ ಎಂದು ಹೇಳಲಾರೆ, ಚಟ್ನಿ ಎಷ್ಟು ಹೊತ್ತು ರುಬ್ಬಿದರು ಎಂದು ಹೇಳಬಲ್ಲೆ. ನಾನು ಮಾತಾಡಿದರೆ ಅವರ ಹಳೆಯ ಸ್ಪೀಕರಿನಲ್ಲಿ ನನ್ನ ಗಂಟಲು ಕೇಳಿಸುವ ಅಪಾಯವೂ ಇದೆ. ಕೇಬಲನ್ನು ಆಂಟೆನಾಕ್ಕೆ ಸೇರುವ ಕಡೆ ಎಂಟು ಹತ್ತು ಸುತ್ತು ಸುರುಳಿ ಸುತ್ತಿ ಕಟ್ಟಿದರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ. ಸುತ್ತದಿದ್ದರೆ ಮೊದಲ ಶಿಕ್ಷೆ ನಮಗೇ: ಮೈಕು ತುಟಿಗೆ ತಾಕಿದಾಗ ಚುರ್ ಎನ್ನುತ್ತದೆ.

ಏಪ್ರಿಲ್-ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಕೇಬಲ್ ಕಿತ್ತು ಹೊರಗಿಡಬೇಕು, ಇದರಲ್ಲಿ ಚೌಕಾಸಿಯಿಲ್ಲ.

ಇಷ್ಟೆಲ್ಲ ಒದ್ದಾಟ ಯಾತಕ್ಕೆ ಎನ್ನುವವರಿಗೆ ಒಂದು ಉದಾಹರಣೆ. 2004ರ ಡಿಸೆಂಬರಿನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಹವ್ಯಾಸಕ್ಕೆಂದೇ ಪೋರ್ಟ್ ಬ್ಲೇರಿನಲ್ಲಿ ಆಂಟೆನಾ ಕಟ್ಟಿ ಕೂತಿದ್ದರು. 26ರಂದು ಸುನಾಮಿ ಬಡಿದು ಸಂಪರ್ಕವೆಲ್ಲ ಕಡಿದಾಗ ಅಂಡಮಾನಿನ ಜನರ ಯೋಗಕ್ಷೇಮದ ಸುದ್ದಿ ಆ ತಂತಿಗಳ ಮೂಲಕವೇ ಹೊರಗೆ ಬಂತು. ಅಜ್ಜಿಗೆ ಇದನ್ನು ಹೇಳಿದ್ದೇನೆ. ಅಂದಿನಿಂದ ಗರಿ ಬಿದ್ದು ಹಗ್ಗ ಜಾರಿದರೆ ನನಗಿಂತ ಮೊದಲು ಅವರಿಗೇ ಕಾಣುತ್ತದೆ.

ಆದ್ದರಿಂದ ತೆಂಗೋ ಮಾವೋ ಇರುವವರಲ್ಲಿ ನನ್ನದೊಂದು ಕೋರಿಕೆ. ಕೈಯಲ್ಲಿ ಹಗ್ಗ, ಮುಖದಲ್ಲಿ ಸಂಕೋಚ ಹೊತ್ತು ಯಾರಾದರೂ ಗೇಟಿನ ಹತ್ತಿರ ಬಂದರೆ ಲೈಸೆನ್ಸು ಇದೆಯಾ, ತಂತಿಯ ತುದಿ ಯಾರ ಕೈಗೂ ಎಟುಕುವುದಿಲ್ಲ ತಾನೆ, ಗುಡುಗಿದರೆ ಕೇಬಲ್ ಕೀಳುತ್ತೀಯಾ ಎಂದು ಕೇಳಿ. ಮೂರಕ್ಕೂ ಹೂಂ ಎಂದರೆ ಮರ ಕೊಡಿ. ಕೊಡುವುದಾದರೆ ಮುಂಗಾರಿಗೆ ಮುಂಚೆಯೇ ಹೇಳಿಬಿಡಿ. ಮರ ನೆಂದ ಮೇಲೆ ಕಾಯಿ ಕೀಳುವವನು ಹತ್ತುವುದಿಲ್ಲ.