ಕಣ್ಣು ಬಿಟ್ಕೊಂಡು ನೋಡಿ

ನಮ್ಮ ಮಹಡಿ ಮನೆಯಾಕೆಯ ಹೆಸರು ನಾನು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಆ ಹೆಸರಿನಿಂದ ಆಕೆಯನ್ನು ನಮ್ಮ ರಸ್ತೆಯಲ್ಲಿ ಯಾರೂ ಗುರುತು ಹಿಡಿಯಲಾರರು. ಸ್ಕೂಲ್ ವ್ಯಾನಿನ ಡ್ರೈವರಿಗೆ ಆಕೆ ‘ಪುಟ್ಟನ ಅಮ್ಮ’. ಹೂವಿನವಳಿಗೆ ‘ಮೇಲ್ಮನೆ ಅಕ್ಕ’. ಆಫೀಸಿನವರಿಗೆ ‘ಅಕೌಂಟ್ಸ್ ಮೇಡಂ’. ಕೊರಿಯರ್ ಹುಡುಗನಿಗೆ ಬರೀ ‘ಫಸ್ಟ್ ಫ್ಲೋರ್’. ಬಾಡಿಗೆ ಕರಾರು ಗಂಡನ ಹೆಸರಿನಲ್ಲಿದೆ, ಕರೆಂಟ್ ಬಿಲ್ಲು ಮನೆ ಓನರ್ ಆದ ನನ್ನ ಹೆಸರಿನಲ್ಲಿದೆ. ಆಕೆಯ ಸ್ವಂತ ಹೆಸರು ಕಾಣುವುದು ಕೊರಳಿಗೆ ಹಾಕಿಕೊಳ್ಳುವ ಆಫೀಸಿನ ಐಡಿ ಕಾರ್ಡಿನ ಮೇಲೆ ಮಾತ್ರ. ಅದೂ ಸದಾ ಹಿಂದುಮುಂದಾಗಿ ತಿರುಗಿಕೊಂಡಿರುತ್ತದೆ.

ಹೆಸರು ಗೊತ್ತಿಲ್ಲದಿದ್ದರೂ ನೀವು ಆಕೆಯನ್ನು ಖಂಡಿತ ನೋಡಿದ್ದೀರಿ. ಮಹಾಲಕ್ಷ್ಮಿ ಲೇಔಟಿನ ಯಾವ ರಸ್ತೆಯಲ್ಲಾದರೂ ಬೆಳಿಗ್ಗೆ ಎಂಟೂವರೆಗೆ ನಿಂತು ನೋಡಿ. ಒಂದು ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಇನ್ನೊಂದರಲ್ಲಿ ಊಟದ ಬ್ಯಾಗು, ಇನ್ನೂ ಒಣಗದ ತಲೆಗೂದಲಿಗೆ ಒಂದು ಕ್ಲಿಪ್ಪು, ಕಿವಿಗೆ ಫೋನು. ಆ ಫೋನಿಗೆ ಹೇಳುತ್ತಿರುವುದು ಏನೆಂದರೆ: “ಬೀರು, ಎರಡನೇ ಖಾನೆ, ಎಡಗಡೆ, ಟವೆಲ್ ಕೆಳಗೆ. ಅಲ್ಲೇ ಇದೆ. ಕಣ್ಣು ಬಿಟ್ಕೊಂಡು ನೋಡ್ರೀ.”

ನಾನು ರಿಟೈರಾದವನು. ಜಗುಲಿಯಲ್ಲಿ ಕೂತು ಪೇಪರು ಓದುವುದು ನನ್ನ ಉದ್ಯೋಗ. ಪೇಪರಿನಲ್ಲಿ ಇರುವುದಕ್ಕಿಂತ ಹೆಚ್ಚು ಸುದ್ದಿ ಮೇಲಿನಿಂದ ಕೇಳಿಸುತ್ತದೆ. ಐದೂಮುಕ್ಕಾಲಿಗೆ ಹಾಲಿನ ಪಾತ್ರೆ ಇಡುವ ಸದ್ದು, ಆರು ಗಂಟೆಗೆ ಕುಕ್ಕರು, ಆರೂಕಾಲಿಗೆ ಚಟ್ನಿಯ ಮಿಕ್ಸಿ. ಆರೂವರೆಗೆ “ಪುಟ್ಟಾ, ಏಳು ಕಂದ” ಎಂಬ ಸುಪ್ರಭಾತ ಶುರುವಾಗಿ, ಆರೂಮುಕ್ಕಾಲಿಗೆ “ಏಳೋ” ಆಗಿ, ಏಳು ಗಂಟೆಗೆ ಪಕ್ಕದ ಮನೆಯ ಮಕ್ಕಳೂ ಏಳುವ ಹಾಗೆ ಮುಗಿಯುತ್ತದೆ. ಆಮೇಲೆ ‘ಎಲ್ಲಿ’ಗಳ ಸರದಿ. ಅಮ್ಮಾ, ಬೆಲ್ಟ್ ಎಲ್ಲಿ? ನನ್ನ ಕರ್ಚೀಫ್ ಎಲ್ಲಿ? ಡೈರಿ ಎಲ್ಲಿ? ಬೈಕ್ ಕೀ ಎಲ್ಲಿ? ಒಂದೊಂದು ಪ್ರಶ್ನೆಗೂ ಅಡುಗೆಮನೆಯಿಂದ, ಒಗ್ಗರಣೆಯ ಚಟಪಟದ ನಡುವೆ, ಖಾನೆ ಸಮೇತ ಉತ್ತರ ಬರುತ್ತದೆ. ಕೊನೆಯಲ್ಲಿ ಆ ಒಂದು ವಾಕ್ಯ ತಪ್ಪುವುದಿಲ್ಲ. ವ್ಯಾಕರಣ ಮಾತ್ರ ಮನುಷ್ಯನಿಗೆ ತಕ್ಕಂತೆ ಬದಲಾಗುತ್ತದೆ. ಮಗನಿಗೆ ‘ನೋಡೋ’, ಗಂಡನಿಗೆ ‘ನೋಡ್ರೀ’, ನನಗೆ ‘ನೋಡಿ ಅಂಕಲ್’.

ಹೌದು, ನನಗೂ. ಕಾವೇರಿ ನೀರು ಬರುವ ದಿನ ಸಂಪಿನಿಂದ ಟ್ಯಾಂಕಿಗೆ ಮೋಟರ್ ಹಾಕುವುದು ನನ್ನ ಜವಾಬ್ದಾರಿ. ಹಾಕುವುದು ನೆನಪಿರುತ್ತದೆ, ಆರಿಸುವುದಲ್ಲ. ಎಂ.ಜಿ. ರಸ್ತೆ ಹತ್ತಿರದ ಆಫೀಸಿನಿಂದ ಆಕೆಯ ಫೋನು ಬರುತ್ತದೆ: “ಅಂಕಲ್, ಟ್ಯಾಂಕ್ ತುಂಬಿ ಹರೀತಿರಬೇಕು ನೋಡಿ.” ನಾನು ತಲೆಯೆತ್ತಿ ನೋಡಿದರೆ ನಮ್ಮ ಗೋಡೆಯ ಮೇಲೆ ಜೋಗ. ಅಷ್ಟು ದೂರದಲ್ಲಿ ಕೂತವರಿಗೆ ಇಲ್ಲಿಯ ಟ್ಯಾಂಕು ತುಂಬಿದ್ದು ಹೇಗೆ ಗೊತ್ತಾಯಿತು ಎಂದು ಒಮ್ಮೆ ಕೇಳಿದೆ. “ನಾನು ಹೊರಡೋವಾಗ ನೀವು ಹಾಕಿದ್ರಿ ಅಂಕಲ್. ಅದು ತುಂಬೋದು ಮೂವತ್ತೈದು ನಿಮಿಷ” ಎಂದಳು. ಆ ಮನೆ ಕಟ್ಟಿಸಿದವನು ನಾನು.

ಅವರು ನಮ್ಮ ಮಹಡಿಗೆ ಬಂದದ್ದು 2017ರಲ್ಲಿ, ಹಸಿರು ಮಾರ್ಗದ ಮೆಟ್ರೋ ಮೆಜೆಸ್ಟಿಕ್ ದಾಟಿ ಯಲಚೇನಹಳ್ಳಿಯವರೆಗೆ ಹೋದ ವರ್ಷ. ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಹತ್ತಿ ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಆಫೀಸು ಹತ್ತಿರ ಎಂದು ಲೆಕ್ಕ ಹಾಕಿಯೇ ಮನೆ ಹಿಡಿದಿದ್ದರು. ಮರುವರ್ಷ ಪುಟ್ಟ ಹುಟ್ಟಿದ. ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದ ಕಾನೂನೂ 2017ರದ್ದೇ, ಆದ್ದರಿಂದ ಆಕೆಗೆ ಪೂರ್ತಿ ಆರು ತಿಂಗಳು ಸಿಕ್ಕಿತು. ಆದರೆ 27ನೇ ವಾರದ ಬಗ್ಗೆ ಮಗುವಿಗೆ ಯಾರೂ ನೋಟಿಸ್ ಕೊಟ್ಟಿರಲಿಲ್ಲ. 50 ಜನಕ್ಕಿಂತ ಕಡಿಮೆ ಇಲ್ಲದ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಎಂದೂ ಅದೇ ಕಾನೂನು ಹೇಳಿತ್ತು. ಅವರ ಆಫೀಸಿನಲ್ಲಿ ಇದ್ದದ್ದು ಮೂವತ್ತೆಂಟು ಜನ. ಹೀಗಾಗಿ ಕೇಂದ್ರವು ನಮ್ಮ ನಡುಮನೆಯಲ್ಲೇ ಆರಂಭವಾಯಿತು. ನನ್ನ ಹೆಂಡತಿ ಅದರ ಮುಖ್ಯಸ್ಥೆ, ನಾನು ಆಟದ ಸಾಮಾನು.

ಆಕೆಯ ಪಂಚಾಂಗವೇ ಬೇರೆ. ನಮಗೆ ಏಕಾದಶಿ, ಸಂಕಷ್ಟಿ ಇದ್ದ ಹಾಗೆ ಆಕೆಗೆ ತಿಂಗಳ 11 ಮತ್ತು 20. ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನಗಳವು. ಏಕಾದಶಿಗೆ ಕೆಳಗಿನ ಮನೆಯಲ್ಲಿ ಉಪವಾಸ, ಇಪ್ಪತ್ತನೇ ತಾರೀಖು ಮೇಲಿನ ಮನೆಯಲ್ಲಿ ಉಪ್ಪಿಟ್ಟು. ಪುಟ್ಟ ಕ್ಯಾಲೆಂಡರ್ ನೋಡಲು ಕಲಿತದ್ದೇ ಹೀಗೆ. “ತಾತಾ, ನಾಳೆ ಕಾಂಕ್ರೀಟ್” ಎಂದು ಹತ್ತೊಂಬತ್ತನೇ ತಾರೀಖು ನನಗೆ ಬಂದು ಹೇಳಿಹೋಗುತ್ತಾನೆ. ಆ ಬೆಳಿಗ್ಗೆ ಏನಾದರೂ ಎಡವಟ್ಟು ಆಗಿಯೇ ಆಗುತ್ತದೆ. ಒಂದು ಸಲ ಡಬ್ಬಿಗಳು ಅದಲುಬದಲಾಗಿ, ಗಂಡ ತನ್ನ ಆಫೀಸಿನಲ್ಲಿ ಹತ್ತು ಜನರ ಮುಂದೆ ಛೋಟಾ ಭೀಮನ ಚಿತ್ರದ ಡಬ್ಬಿ ತೆಗೆದು ಜಾಮ್ ಚಪಾತಿ ತಿಂದ. ಪುಟ್ಟ ಹಾಗಲಕಾಯಿ ಗೊಜ್ಜನ್ನು ಮೇಷ್ಟ್ರಿಗೆ ತೋರಿಸಿ ನ್ಯಾಯ ಕೇಳಿದ.

ಗಂಡ ಒಳ್ಳೆಯವನೇ. ಕೆಲಸ ಹೇಳಿದರೆ ಇಲ್ಲ ಎನ್ನುವುದಿಲ್ಲ. ಆದರೆ ಹೇಳುವುದೇ ಒಂದು ಕೆಲಸವಲ್ಲವೆ? ಭಾನುವಾರ ಒಮ್ಮೆ ‘ಅಡುಗೆ ನಂದು’ ಎಂದು ಘೋಷಿಸಿ ಪಲಾವ್‌ಗೆ ನಿಂತ. ಪಲಾವ್ ಎಲೆ ಎಲ್ಲಿ ಎಂದು ಕೇಳಿದರೆ ಬಯ್ಯಿಸಿಕೊಳ್ಳಬೇಕಾಗುತ್ತದೆಂದು ಹೆದರಿ, ಗೂಡಿನಲ್ಲಿದ್ದ ಮೂವತ್ತು ಡಬ್ಬಿಗಳನ್ನೂ ಇಳಿಸಿ ನಡುಮನೆಯಲ್ಲಿ ಹರಡಿದ. ಅದನ್ನು ನೋಡಿದ ನನ್ನ ಹೆಂಡತಿಗೆ ನಮ್ಮ ಬಡಾವಣೆಯ ಗುಡ್ಡದ ಮೇಲಿನ ಪ್ರಸನ್ನ ವೀರಾಂಜನೇಯ ಸ್ವಾಮಿ ನೆನಪಾದ. 22 ಅಡಿಯ ಏಕಶಿಲಾ ಮೂರ್ತಿ, ದೊಡ್ಡ ದೇವರು. “ಅವನೂ ಪಾಪ ಬ್ರಹ್ಮಚಾರಿ. ಸಂಜೀವಿನಿ ಯಾವುದು ಅಂತ ಕೇಳೋಕೆ ಮನೇಲಿ ಒಬ್ಬಳು ಇದ್ದಿದ್ರೆ ಬೆಟ್ಟಾನೇ ಹೊತ್ಕೊಂಡು ಬರೋ ಕಷ್ಟ ತಪ್ತಿತ್ತು” ಎಂದಳು. ಆಂಜನೇಯನ ವಿಷಯದಲ್ಲಿ ಮೇಲ್ಮನೆಯಾಕೆಗೂ ತನ್ನದೇ ಪದ್ಧತಿ ಇದೆ. ಶನಿವಾರ ಮೆಟ್ಟಿಲು ಹತ್ತಲು ಪುರುಸೊತ್ತಿಲ್ಲ, ಆದ್ದರಿಂದ ಸ್ಕೂಟರಿನ ಮೇಲಿಂದಲೇ ಗೋಪುರಕ್ಕೆ ಒಂದು ಕೈಯಲ್ಲಿ ನಮಸ್ಕಾರ. ಇನ್ನೊಂದು ಕೈ ಬ್ರೇಕಿನ ಮೇಲೆ. ದೇವರೂ ಹಾರಾಡುವವನೇ ಆದ್ದರಿಂದ ಅರ್ಥ ಮಾಡಿಕೊಳ್ಳುತ್ತಾನೆ ಎಂದು ಆಕೆಯ ನಂಬಿಕೆ.

ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ. ಬಿಡುವಾಗಿರುತ್ತಾಳೆಂದು ನಾವೂ ಮೊದಲು ತಿಳಿದಿದ್ದೆವು. ಅವರೆಕಾಯಿ ಕಾಲದಲ್ಲಿ ಒಂದು ದಿನ ಮೇಲೆ ಹೋಗಿ ನೋಡಿದರೆ, ಆಕೆ ಲ್ಯಾಪ್‌ಟಾಪಿನ ಮುಂದೆ ಗಂಭೀರವಾಗಿ ಕೂತು ಮೀಟಿಂಗಿನಲ್ಲಿ ತಲೆದೂಗುತ್ತಿದ್ದಾಳೆ. ಕ್ಯಾಮೆರಾಗೆ ಕಾಣದ ತೊಡೆಯ ಮೇಲೆ, ನೆನೆಸಿದ ಅವರೆಕಾಳಿನ ಪಾತ್ರೆ. ಕೈ ಒಂದೇ ಸಮನೆ ಕಾಳು ಹಿತುಕುತ್ತಿದೆ. ಒಂದು ಗಂಟೆಯ ಮೀಟಿಂಗಿಗೆ ಅರ್ಧ ಸೇರು ಹಿತಕಬೇಳೆ. “ಮೀಟಿಂಗ್‌ನಿಂದ ಏನಾದ್ರೂ ಹೊರಗೆ ಬರಬೇಕಲ್ವಾ ಆಂಟಿ” ಎಂದು ಆಮೇಲೆ ನನ್ನ ಹೆಂಡತಿಗೆ ಅರ್ಧ ಪಾಲು ಕೊಟ್ಟಳು.

ಇನ್ನೊಂದು ಮೀಟಿಂಗಿನಲ್ಲಿ ಮ್ಯಾನೇಜರು ಹಳೆಯ ಲೆಕ್ಕದ ಫೈಲೊಂದನ್ನು ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದರಂತೆ. ಎಲ್ಲರೂ ಕಾಯುತ್ತಿದ್ದಾರೆ. ಅದೇ ಹೊತ್ತಿಗೆ ಪುಟ್ಟ ಒಳಗಿನಿಂದ ರಬ್ಬರ್ ಎಲ್ಲಿ ಎಂದು ಕೂಗಿದ್ದಾನೆ. ಮೈಕು ಆನ್ ಇದೆ ಎಂಬುದು ಆಕೆಗೆ ಮರೆತಿದೆ. “ಅಲ್ಲೇ ಇರತ್ತೆ, ಕಣ್ಣು ಬಿಟ್ಕೊಂಡು ನೋಡೋ!” ಎಂದು ಗುಡುಗಿದ್ದಾಳೆ. ಅತ್ತ ಕಡೆ ಮೌನ. ಆಮೇಲೆ ಮ್ಯಾನೇಜರ ಸಣ್ಣ ದನಿ: “ಹೌದು ಮೇಡಂ, ಇಲ್ಲೇ ಇದೆ.”

ಆದರೆ ಆಕೆಯ ನಿಜವಾದ ಪ್ರತಿಭೆ ಕಾಣಬೇಕಾದರೆ ರಾತ್ರಿ ಒಂಬತ್ತೂವರೆಯ ಮೇಲೆ ಸ್ಕೂಲಿನ ವಾಟ್ಸಾಪ್ ಗುಂಪಿಗೆ ಸಂದೇಶ ಬರಬೇಕು. ರಾಜ್ಯೋತ್ಸವದ ಸಮಯ. ‘ನಾಳೆ ನಿಮ್ಮ ಮಗು ನಾಡಪ್ರಭು ಕೆಂಪೇಗೌಡರ ವೇಷದಲ್ಲಿ ಬರತಕ್ಕದ್ದು.’ ಕೆಂಪೇಗೌಡರು ಬೆಂಗಳೂರು ಕಟ್ಟಿದ್ದು 1537ರಲ್ಲಿ. ಈಕೆ ಕೆಂಪೇಗೌಡರನ್ನೇ ಕಟ್ಟಿದ್ದು ರಾತ್ರಿ 9.50ರಿಂದ 11.30ರ ಒಳಗೆ. ಗಂಡ ನೆರವಿಗೆಂದು ವಿಮಾನ ನಿಲ್ದಾಣದ 108 ಅಡಿಯ ಪ್ರತಿಮೆಯ ಫೋಟೋ ಹುಡುಕಿ ತೋರಿಸಿದ. ಆ ಪ್ರತಿಮೆಯ ಕತ್ತಿಯೊಂದೇ ನಾಲ್ಕು ಟನ್ ಎಂಬ ಮಾಹಿತಿಯನ್ನೂ ಒದಗಿಸಿದ. ಇಲ್ಲಿಯ ಕತ್ತಿ ದೋಸೆ ಮಗುಚುವ ಕೈಗೆ ಸುತ್ತಿದ ಬೆಳ್ಳಿ ಕಾಗದ. ಪೇಟ ನನ್ನ ಮಗಳ ಮದುವೆಯಲ್ಲಿ ನನಗೆ ಹೊದಿಸಿದ ಜರಿ ಶಾಲು. ಅದು ನಮ್ಮ ಮನೆಯಲ್ಲಿ ಎಲ್ಲಿದೆ ಎಂಬುದು ನನಗೆ ತಿಳಿದಿರಲಿಲ್ಲ, ಆಕೆಗೆ ತಿಳಿದಿತ್ತು. ಮೀಸೆಗೆ ಕಾಡಿಗೆ. ಬೆಳಿಗ್ಗೆ ವ್ಯಾನು ಹತ್ತಿದ ಕೆಂಪೇಗೌಡರು, ದಾರಿಯಲ್ಲಿ ಬೆವರು ಒರೆಸಿಕೊಂಡು, ಶಾಲೆ ತಲುಪುವ ವೇಳೆಗೆ ಗಡ್ಡವನ್ನೂ ಬಿಟ್ಟಿದ್ದರಂತೆ.

ಆ ರಾತ್ರಿ ಶಾಲು ಕೊಟ್ಟು ಬಂದ ನನ್ನ ಹೆಂಡತಿ ಸುಮ್ಮನೆ ಕೂತಿದ್ದಳು. ಕೋಟೆಯ ಬಾಗಿಲು ಎಷ್ಟು ಸಲ ನಿಲ್ಲಿಸಿದರೂ ಬಿದ್ದುಹೋಗುತ್ತಿದ್ದಾಗ ಕೆಂಪೇಗೌಡರ ಸೊಸೆ ಲಕ್ಷ್ಮಿ ಪ್ರಾಣ ಕೊಟ್ಟು ಅದನ್ನು ನಿಲ್ಲಿಸಿದಳೆಂಬ ಐತಿಹ್ಯವಿದೆಯಲ್ಲ, ಅದನ್ನು ನೆನೆಸಿಕೊಂಡು ಹೇಳಿದಳು: “ಅವತ್ತಿಂದ ಈ ಊರಿನ ಬಾಗಿಲೆಲ್ಲಾ ಸೊಸೆಯರ ಮೇಲೇ ನಿಂತಿದೆ ನೋಡಿ.” ನಾನು ನಗಲೋ ಬೇಡವೋ ಎಂದು ಯೋಚಿಸಿ, ಪೇಪರಿನಲ್ಲಿ ಓದಿದ್ದನ್ನು ಹೇಳಿದೆ. 2024ರಲ್ಲಿ ಕೇಂದ್ರ ಸರ್ಕಾರ ಜನರು ದಿನದ ಸಮಯ ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿಸಿತ್ತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ತೊಡಗುವ ಗಂಡಸರು 88 ನಿಮಿಷ. ಪರವಾಗಿಲ್ಲ, ನಾವೂ ಏನೋ ಮಾಡುತ್ತಿದ್ದೇವೆ ಎಂಬ ಧಾಟಿಯಲ್ಲಿ ಹೇಳಿದೆ. ಹೆಂಡತಿ ಕೇಳಿದಳು: “ಆ ಎಂಬತ್ತೆಂಟು ನಿಮಿಷ ನೀವು ಯಾರ ಮನೇಲಿ ಮಾಡ್ತಿದೀರಿ?”

ಮೆಟ್ರೋದಲ್ಲಿ ಮಹಾಲಕ್ಷ್ಮಿಯಿಂದ ಮೆಜೆಸ್ಟಿಕ್‌ವರೆಗೆ ಹೆಂಗಸರ ಬೋಗಿಯಲ್ಲಿ ಸಿಗುವ ಹತ್ತು ಹನ್ನೆರಡು ನಿಮಿಷವೇ ತನ್ನ ಸ್ವಂತದ್ದು ಎಂದು ಆಕೆ ಒಮ್ಮೆ ಹೇಳಿದ್ದಳು. ರಾಜಾಜಿನಗರ, ಕುವೆಂಪು ರಸ್ತೆ, ಶ್ರೀರಾಮಪುರ, ಸಂಪಿಗೆ ರಸ್ತೆ. ಕಿಟಕಿಯಾಚೆ ಬೇರೆಯವರ ತಾರಸಿ, ಬೇರೆಯವರ ಒಗೆದ ಬಟ್ಟೆ. “ಅದನ್ನ ನಾನು ಮಡಚಬೇಕಾಗಿಲ್ಲ ಅನ್ನೋದೇ ಒಂದು ಸುಖ ಆಂಟಿ.” ಆಮೇಲೆ ಫೋನು ಬರುತ್ತದೆ: ಗೀಸರ್ ಸ್ವಿಚ್ ಯಾವುದು?

ಕಳೆದ ತಿಂಗಳು ಇಪ್ಪತ್ತನೇ ತಾರೀಖು. ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಕೆಳಗಿಳಿದಿತ್ತು. ಆಗ ಮೇಲಿನಿಂದ ಒಂದು ದನಿ ಕೇಳಿಸಿತು: “ನನ್ನ ಮೆಟ್ರೋ ಕಾರ್ಡ್ ಎಲ್ಲಿ?”

ಪೇಪರು ಕೆಳಗಿಟ್ಟೆ. ಹೆಂಡತಿ ಒಳಗಿಂದ ಬಂದು ಸೂರಿನತ್ತ ನೋಡಿದಳು. ಇಷ್ಟು ವರ್ಷದಲ್ಲಿ ಆ ದನಿಯಲ್ಲಿ ಆ ಪ್ರಶ್ನೆಯನ್ನು ನಾವು ಕೇಳಿದವರಲ್ಲ. ಮೇಲೆ ಸೋಫಾ ಸರಿಸುವ ಸದ್ದು. ಗಂಡನ ಕೆಲಸವಿರಬೇಕು. ಬಳಿಕ ಮಂಚ ಸರಿಸುವ ಸದ್ದು. ಬೆಟ್ಟ ಹೊರುವ ಸಿದ್ಧತೆ ನಡೆಯುತ್ತಿತ್ತು. “ಲೇಟಾಯ್ತು, ಲೇಟಾಯ್ತು” ಎಂದು ಆಕೆ ಓಡಾಡುವ ಹೆಜ್ಜೆ ನಮ್ಮ ತಲೆಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ.

ಆಗ ಬಚ್ಚಲ ಕಡೆಯಿಂದ, ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡ ಪುಟ್ಟನ ದನಿ ಬಂತು. ಏನೂ ಅವಸರವಿಲ್ಲ.

“ಫ್ರಿಜ್ ಮೇಲೆ. ಬಲಗಡೆ. ಹಾರ್ಲಿಕ್ಸ್ ಡಬ್ಬಿ ಹಿಂದೆ. ಕಣ್ಣು ಬಿಟ್ಕೊಂಡು ನೋಡಮ್ಮಾ.”

ಮೂರು ಕ್ಷಣ ಮನೆಯೆಲ್ಲ ನಿಶ್ಶಬ್ದ. ಬಳಿಕ ಆಕೆಯ ನಗು. ಮೆಟ್ಟಿಲಿಳಿದು, ಗೇಟು ದಾಟಿ, ರಸ್ತೆಯ ತಿರುವಿನವರೆಗೂ ನಗುತ್ತಲೇ ಹೋದಳು. ಐಡಿ ಕಾರ್ಡು ಅಂದು ಯಾಕೋ ನೆಟ್ಟಗಿತ್ತು. ಹೆಸರು ಓದೋಣವೆಂದರೆ ನನ್ನ ಕಣ್ಣ ಮೇಲೆ ಕನ್ನಡಕವಿರಲಿಲ್ಲ.

“ನನ್ನ ಕನ್ನಡಕ...” ಎಂದು ಒಳಕ್ಕೆ ತಿರುಗಿ ಬಾಯಿ ತೆರೆದೆ. ಎಂಟು ವರ್ಷದ ಹುಡುಗನ ಮುಂದೆ ಮರ್ಯಾದೆ ಹೋಗುತ್ತದೆಂದು ಮುಚ್ಚಿಕೊಂಡೆ. ನಾನೇ ಹುಡುಕಿದೆ. ಹನ್ನೊಂದು ನಿಮಿಷ ಹಿಡಿಯಿತು, ಮೋಟರ್ ಸ್ವಿಚ್ಚಿನ ಪಕ್ಕ ಸಿಕ್ಕಿತು. ಹೆಂಡತಿಗೆ ತೋರಿಸಿ, “ಇದನ್ನ ಎಂಬತ್ತೆಂಟರಲ್ಲಿ ಜಮಾ ಮಾಡ್ಕೋ” ಎಂದೆ.

ಆಕೆ ಒಪ್ಪಲಿಲ್ಲ. ತನ್ನ ಕನ್ನಡಕ ತಾನೇ ಹುಡುಕಿಕೊಳ್ಳುವುದು ಮನೆಗೆಲಸದ ಲೆಕ್ಕಕ್ಕೆ ಬರುವುದಿಲ್ಲವಂತೆ. ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಟ್ಯಾಂಕು.