ಮೊದಲಿನ ಹಾಗಿಲ್ಲ ಭಾವ

ಮದುವೆಮನೆಯಲ್ಲಿ ಒಬ್ಬರು ಇದ್ದೇ ಇರುತ್ತಾರೆ, ನೀವೂ ನೋಡಿರುತ್ತೀರಿ. ಮೊದಲ ಪಂಕ್ತಿಯಲ್ಲೇ ಜಾಗ ಹಿಡಿದು ಕೂತು, ‘ಸಾರಿಗೆ ಉಪ್ಪು ಸಾಲದು, ಕೋಸಂಬರಿಗೆ ಹುಳಿ ಜಾಸ್ತಿ, ಈಗಿನ ಭಟ್ಟರಿಗೆ ಎಲ್ಲಿ ಬರುತ್ತೆ ಸ್ವಾಮಿ ಅಡುಗೆ’ ಎಂದು ಪಕ್ಕದೆಲೆಯವರಿಗೆ ಹೇಳುತ್ತಲೇ, ಮೂರನೆಯ ಸಲ ಬಂದ ಹೋಳಿಗೆಗೂ ಎಲೆಯ ಮೇಲೆ ಕೈ ಅಡ್ಡ ಹಿಡಿಯದವರು. ಊಟ ಮುಗಿಯುವವರೆಗೆ ಅವರ ದೂರು ನಿಲ್ಲುವುದಿಲ್ಲ. ದೂರು ಮುಗಿಯುವವರೆಗೆ ಊಟವೂ ನಿಲ್ಲುವುದಿಲ್ಲ. ಕಂಪ್ಯೂಟರ್ ಗೇಮಿನ ಪಂಕ್ತಿಯಲ್ಲಿ ಕೂತಿರುವ ಅಂಥ ಆಸಾಮಿ ನನ್ನ ಭಾವಮೈದುನ ಪುಟ್ಟು.

ವಯಸ್ಸು 35. ಸಾಫ್ಟ್‌ವೇರ್ ಕೆಲಸ. ಕನಕಪುರ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ತಾಯಿಯ ಜೊತೆ ವಾಸ. ಭಾನುವಾರ ಇಬ್ಬರೂ ಹನುಮಂತನಗರದ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಅತ್ತೆಯ ಕೈಯಲ್ಲಿ ಹೂವು ಹಣ್ಣಿನ ಚೀಲ, ಪುಟ್ಟುವಿನ ಬೆನ್ನಿಗೆ ಲ್ಯಾಪ್‌ಟಾಪ್. ಲ್ಯಾಪ್‌ಟಾಪಿನೊಳಗೆ ಒಂದು ಸಂಸಾರ.

ಆ ಸಂಸಾರದ ಹೆಸರು ‘ದಿ ಸಿಮ್ಸ್’. ಇದರಲ್ಲಿ ಗುಂಡು ಹಾರಿಸುವುದಿಲ್ಲ, ರಾಕ್ಷಸನನ್ನು ಕೊಲ್ಲುವುದಿಲ್ಲ. ಒಬ್ಬ ಮನುಷ್ಯನನ್ನು ಸೃಷ್ಟಿಸಿ, ಅವನಿಗೊಂದು ಮನೆ ಕಟ್ಟಿಸಿ, ಹೊತ್ತುಹೊತ್ತಿಗೆ ಉಣ್ಣಿಸಿ, ಸ್ನಾನ ಮಾಡಿಸಿ, ಕೆಲಸಕ್ಕೆ ಕಳಿಸಿ, ತಪ್ಪದೆ ಬಿಲ್ಲು ಕಟ್ಟಿಸಬೇಕು. ನಾವೆಲ್ಲ ಗೊಣಗಿಕೊಂಡು ಬಿಟ್ಟಿಯಾಗಿ ಮಾಡುವುದನ್ನು ದುಡ್ಡು ಕೊಟ್ಟು ಮಾಡುವ ಆಟ. ಇದನ್ನು ಮಾಡಿದಾತ ವಿಲ್ ರೈಟ್ ಎಂಬ ಅಮೆರಿಕದವನು. 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನ ಗುಡ್ಡಕ್ಕೆ ಬೆಂಕಿ ಬಿದ್ದಾಗ ಅವನ ಮನೆ ಸುಟ್ಟುಹೋಯಿತು. ಮಂಚ, ಕುರ್ಚಿ, ಪಾತ್ರೆ ಪಡಗ ಎಲ್ಲವನ್ನೂ ಮೊದಲಿನಿಂದ ಹೊಂದಿಸಿಕೊಳ್ಳುವಾಗ ಈ ಯೋಚನೆ ಬೆಳೆಯಿತಂತೆ. 2000ದಲ್ಲಿ ಆಟ ಬಂತು. ಮನೆ ಸುಟ್ಟುಕೊಂಡವನು ಮನೆ ಕಟ್ಟುವ ಆಟ ಮಾಡಿದ. ನಮ್ಮ ಪುಟ್ಟು ಅದರಲ್ಲಿ ಮನೆ ಕಟ್ಟಿ, ಅಡುಗೆ ಬಾರದವನನ್ನು ಒಲೆಯ ಮುಂದೆ ನಿಲ್ಲಿಸಿ ಬೆಂಕಿ ಹತ್ತಿಸಿದ. ಅವರವರ ಋಣ.

2003ರಲ್ಲಿ ನನ್ನ ಮದುವೆಯಾದಾಗ ಪುಟ್ಟುವಿಗೆ 13 ವರ್ಷ. ಶಿವಮೊಗ್ಗದ ಮಾವನ ಮನೆಗೆ ಹೊಸ ಅಳಿಯನಾಗಿ ಹೋದವನಿಗೆ ಮೊದಲು ಕಂಡದ್ದು ಕಂಪ್ಯೂಟರಿನ ಮುಂದೆ ಕೂತ ಇವನ ಬೆನ್ನು. ಆಡುತ್ತಿದ್ದದ್ದು ಮೊದಲನೆಯ ಸಿಮ್ಸ್. ಸಿಡಿ ಯಾರದೋ, ಯಾರಿಂದಲೋ ಬಂದದ್ದು, ಯಾರಿಗೂ ಹಿಂದಿರುಗಿ ಹೋಗದ್ದು. ಆ ಆಟವನ್ನು ಅವನು ದೂರಿದ್ದು ನಾನು ಕೇಳಿಲ್ಲ. ಅದಕ್ಕಿಂತ ಹಳೆಯದೊಂದು ಇರಲಿಲ್ಲವಲ್ಲ.

2004ರಲ್ಲಿ ಎರಡನೆಯದು ಬಂತು. ಅದರಲ್ಲಿ ಮಕ್ಕಳು ದೊಡ್ಡವರಾಗುತ್ತಿದ್ದರು, ದೊಡ್ಡವರು ಮುದುಕರಾಗುತ್ತಿದ್ದರು. ಹೊಸ ಆಟ ಹೇಗಿದೆಯೋ ಎಂದೆ. “ಮೊದಲಿನ ಹಾಗಿಲ್ಲ ಭಾವ. ಇದರಲ್ಲಿ ವಯಸ್ಸಾಗಿ ಸಾಯ್ತಾರೆ!” ಎಂದ, ಮೋಸಹೋದವನ ದನಿಯಲ್ಲಿ. 2009ರಲ್ಲಿ ಮೂರನೆಯದು ಬಂದಾಗ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿದ್ದ. ಅಷ್ಟರಲ್ಲಿ ಎರಡನೆಯದು ಶ್ರೇಷ್ಠವಾಗಿತ್ತು. “ಮೂರರಲ್ಲಿ ಎಲ್ಲರದ್ದೂ ಇಡ್ಲಿ ಮುಖ ಭಾವ. ಈಗತಾನೆ ತಟ್ಟೆಯಿಂದ ತೆಗೆದಹಾಗೆ.” 2014ರ ಸೆಪ್ಟೆಂಬರಿನಲ್ಲಿ ನಾಲ್ಕನೆಯದು ಬಂತು. ಇಡ್ಲಿಗಳು ಒಂದೇ ರಾತ್ರಿಯಲ್ಲಿ ಲಕ್ಷಣವಾದವು. “ಮೂರರಲ್ಲಿ ಎಂಥಾ ಮುಖಗಳು ಭಾವ, ಎಂಥಾ ಕಳೆ!”

ಈ ನಾಲ್ಕನೆಯದನ್ನೇ ಅವನು ಇಂದಿಗೂ ‘ಹೊಸದು’ ಎನ್ನುವುದು. ಬಂದು ಹತ್ತು ವರ್ಷ ದಾಟಿದೆ. ನಮ್ಮ ಊರುಗಳಲ್ಲಿ ‘ಹೊಸ ಬಸ್‌ಸ್ಟ್ಯಾಂಡು’ ಎಂದು ಒಂದಿರುತ್ತದಲ್ಲ, ಗೋಡೆಯ ಗಾರೆ ಉದುರಿ ಅರಳಿ ಗಿಡ ಹುಟ್ಟಿದ್ದರೂ ಹೊಸದೇ, ಹಾಗೆ.

ಹೊಸದರ ಮೇಲೆ ಪುಟ್ಟುವಿನ ಆರೋಪಪಟ್ಟಿ ಉದ್ದವಾದದ್ದು. ಮೊದಲನೆಯದು ಈಜುಕೊಳ.

“ಈಜುಕೊಳ ಇಲ್ಲ ಭಾವ! ಮೊದಲನೇ ಸಿಮ್ಸ್‌ನಿಂದಲೂ ಇದ್ದದ್ದು. ಇದರಲ್ಲಿ ತೆಗೆದುಬಿಟ್ಟಿದ್ದಾರೆ.”

ನಮ್ಮ ಅತ್ತೆ ಹುರುಳಿಕಾಯಿ ಸೋಸುತ್ತಾ, “ಅದರಲ್ಲಿ ಏನು ಮಾಡ್ತಿದ್ಯೋ?” ಎಂದರು.

“ಬೇಡದವರನ್ನ ಈಜಕ್ಕೆ ಕಳಿಸಿ ಏಣಿ ತೆಗೆದುಬಿಡ್ತಿದ್ದೆ. ಮೇಲೆ ಬರಕ್ಕೆ ಆಗ್ತಿರಲಿಲ್ಲ.”

ಅತ್ತೆ ಸೋಸುವುದನ್ನು ನಿಲ್ಲಿಸಿ ಮಗನನ್ನು ಒಂದು ನಿಮಿಷ ನೋಡಿದರು. “ತೆಗೆದದ್ದೇ ಒಳ್ಳೇದಾಯ್ತು ಬಿಡು” ಎಂದು ಮತ್ತೆ ಹುರುಳಿಕಾಯಿಗೆ ಕೈ ಹಾಕಿದರು.

ಆಟ ಮಾಡಿದವರು ಎರಡೇ ತಿಂಗಳಲ್ಲಿ, ಅದೇ ನವೆಂಬರಿನಲ್ಲಿ, ಈಜುಕೊಳವನ್ನು ಪುಕ್ಕಟೆಯಾಗಿ ಸೇರಿಸಿಕೊಟ್ಟರು. ಪುಟ್ಟುವಿಗೆ ಸಮಾಧಾನವಾಗಲಿಲ್ಲ. “ಕೊಟ್ಟರು. ಕೇಳಿದ ಮೇಲೆ ಕೊಟ್ಟರು” ಎಂದ. ಲಗ್ನಪತ್ರಿಕೆ ತಡವಾಗಿ ತಲುಪಿದ ಸೋದರಮಾವ ಇದೇ ಧಾಟಿಯಲ್ಲಿ ಮಾತಾಡುವುದು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ, ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದೆಂದು ಜಲಮಂಡಳಿ ಆದೇಶ ಮಾಡಿತು. ಪುಟ್ಟುವಿನ ಅಪಾರ್ಟ್‌ಮೆಂಟಿನಲ್ಲೂ ನೋಟಿಸು ಹಚ್ಚಿದರು. ಅದನ್ನು ಓದಿ ಇವನು ತಾಯಿಯನ್ನು ಕೇಳಿದನಂತೆ: “ಅಮ್ಮ, ನಮ್ಮಲ್ಲಿ ಸ್ವಿಮ್ಮಿಂಗ್ ಪೂಲ್ ಇದೆಯಾ?” ಆರು ವರ್ಷದಿಂದ ಅದಕ್ಕೂ ಸೇರಿಸಿ ಮೆಂಟೆನೆನ್ಸ್ ಕಟ್ಟುತ್ತಿದ್ದವನು.

ಎರಡನೆಯ ಆರೋಪ ಮಕ್ಕಳದ್ದು. ಹೊಸ ಆಟ ಬಂದಾಗ ಅಂಬೆಗಾಲಿಟ್ಟು ತಪ್ಪುಹೆಜ್ಜೆ ಇಡುವ ವಯಸ್ಸೇ ಇರಲಿಲ್ಲ. ತೊಟ್ಟಿಲಲ್ಲಿದ್ದ ಮಗು ಒಂದು ಬೆಳಗಾಗೆದ್ದು ಸ್ಕೂಲ್ ಬ್ಯಾಗು ಹಾಕಿಕೊಂಡು ನಿಲ್ಲುತ್ತಿತ್ತು.

“ಇದು ಅನ್ಯಾಯ ಅಲ್ವಾ ಭಾವ? ಬಾಲ್ಯಾನೇ ಕಿತ್ತುಕೊಂಡ ಹಾಗೆ.”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು: “ಅದು ಅನ್ಯಾಯ ಅಲ್ಲ ಕಣೋ, ವರ. ನಿನ್ನನ್ನ ಒಂದರಿಂದ ಐದನೇ ವರ್ಷದವರೆಗೆ ಸಾಕಿದವಳು ನಾನು.”

2017ರ ಜನವರಿಯಲ್ಲಿ ಆ ಪುಟಾಣಿಗಳೂ ಬಂದವು. ಮೊದಲ ವಾರ ಒಂದು ಮಗುವಿಗೆ ಪಾಟಿಯ ಮೇಲೆ ಕೂರುವುದನ್ನು ಕಲಿಸಿ, ಉಣ್ಣಿಸಿ, ರಾತ್ರಿ ಮಲಗಿಸುವಷ್ಟರಲ್ಲಿ ಪುಟ್ಟುವಿನ ಕಣ್ಣಿನ ಕೆಳಗೆ ಕಪ್ಪುಗಟ್ಟಿತ್ತು. “ಮೂರರಲ್ಲಿ ಮಕ್ಕಳು ಹೇಳಿದ ಮಾತು ಕೇಳ್ತಿದ್ವು” ಎಂದ. ಅತ್ತೆ ಅಂದು ಹೋಳಿಗೆಗೆ ಒಂದು ಮಿಳ್ಳೆ ತುಪ್ಪ ಜಾಸ್ತಿಯೇ ಹಾಕಿದರು.

ಮೂರನೆಯ ಆರೋಪ ನನ್ನ ಹೆಂಡತಿಗೆ ಸುಲಭವಾಗಿ ಅರ್ಥವಾಯಿತು. ಮೂರನೆಯ ಸಿಮ್ಸ್‌ನಲ್ಲಿ ಸೋಫಾ, ಪರದೆ, ಬಟ್ಟೆ ಎಲ್ಲಕ್ಕೂ ಬೇಕಾದ ಬಣ್ಣ, ಬೇಕಾದ ಡಿಸೈನು ಹಚ್ಚಬಹುದಿತ್ತು. ನಾಲ್ಕರಲ್ಲಿ ಅವರು ಕೊಟ್ಟ ಬಣ್ಣಗಳಲ್ಲೇ ಒಂದನ್ನು ಆರಿಸಿಕೊಳ್ಳಬೇಕು. “ಅಂದ್ರೆ ಚಿಕ್ಕಪೇಟೆಯಲ್ಲಿ ‘ಇದೇ ಬಾರ್ಡರು, ಒಡಲು ಮಾತ್ರ ಎಲೆಹಸಿರು ತೋರಿಸಿ’ ಅಂದ್ರೆ ‘ಇಲ್ಲ ಮೇಡಂ, ಇರೋದೇ ಇಷ್ಟು’ ಅಂತಾರಲ್ಲ, ಹಾಗೆ” ಎಂದಳು. ಅಕ್ಕ ತಮ್ಮ ಅರ್ಧ ಗಂಟೆ ಒಟ್ಟಿಗೆ ಮರುಗಿದರು. ಆ ಮನೆಯಲ್ಲಿ ಅಷ್ಟು ಒಮ್ಮತ ನಾನು ಮತ್ತೆ ಕಂಡಿಲ್ಲ.

ನಾಲ್ಕನೆಯದು ದೊಡ್ಡ ಆರೋಪ. “ಮೂರರಲ್ಲಿ ಊರಿಗೆ ಊರೇ ತೆರೆದುಕೊಂಡಿರ್ತಿತ್ತು ಭಾವ. ಮನೆಯಿಂದ ಹೊರಟು ಬೀದಿ ದಾಟಿ ಪಾರ್ಕಿಗೆ ಸೀದಾ ನಡಕೊಂಡು ಹೋಗಬಹುದಿತ್ತು. ನಾಲ್ಕರಲ್ಲಿ ಪಕ್ಕದ ಮನೆ ಹೊಸ್ತಿಲು ದಾಟಬೇಕಾದ್ರೂ ಲೋಡಿಂಗ್ ಸ್ಕ್ರೀನು. ಕಾಯ್ತಾ ಕೂತಿರಬೇಕು. ಇದೊಂದು ನೆರೆಹೊರೆನಾ?”

ಹಿಂದಿನ ವಾರ ಅವನ ಮನೆಗೆ ನಾನು ಹೋದದ್ದು ನೆನಪಾಯಿತು. ಗೇಟಿನಲ್ಲಿ ನಿಲ್ಲಿಸಿದರು. ಹೆಸರು, ಫೋನ್ ನಂಬರು, ಫ್ಲಾಟ್ ನಂಬರು ಬರೆಸಿಕೊಂಡರು. ಮೇಲಿನಿಂದ ಒಪ್ಪಿಗೆ ಬರಬೇಕೆಂದರು. ಒಪ್ಪಿಗೆ ಕೊಡಬೇಕಾದವನು ಸಿಮ್ಸ್ ಆಡುತ್ತಿದ್ದ. ಹನ್ನೆರಡು ನಿಮಿಷ ಬಿಸಿಲಲ್ಲಿ ಲೋಡ್ ಆಗುತ್ತಾ ನಿಂತಿದ್ದೆ. ಲಿಫ್ಟ್ ಹತ್ತಿ ಮೇಲೆ ಹೋದ ಮೇಲೆ ಎದುರು ಬಾಗಿಲಿನವರು ಯಾರೋ ಎಂದು ಕೇಳಿದೆ. “ಗೊತ್ತಿಲ್ಲ ಭಾವ, ಯಾವಾಗಲೂ ಚಪ್ಪಲಿ ಮಾತ್ರ ಕಾಣುತ್ತೆ” ಎಂದ.

ಇನ್ನು ದುಡ್ಡಿನ ವಿಚಾರ. 2022ರ ಅಕ್ಟೋಬರಿನಲ್ಲಿ ನಾಲ್ಕನೆಯ ಸಿಮ್ಸ್‌ನ ಮೂಲ ಆಟವನ್ನು ಪುಕ್ಕಟೆ ಮಾಡಿದರು. ಅದನ್ನು ದುಡ್ಡು ಕೊಟ್ಟು ಕೊಂಡಿದ್ದ ಪುಟ್ಟುವಿಗೆ ಮೂರು ದಿನ ಊಟ ಸೇರಲಿಲ್ಲ. ಆದರೆ ಪುಕ್ಕಟೆ ಎಂದರೆ ನಮ್ಮ ಕೆಲವು ಛತ್ರಗಳ ಪುಕ್ಕಟೆ. ಹಾಲ್ ಫ್ರೀ ಸಾರ್. ಪಾತ್ರೆ ಬೇರೆ, ಕುರ್ಚಿ ಬೇರೆ, ಕರೆಂಟು ಬೇರೆ, ಗುಡಿಸುವವರಿಗೆ ಬೇರೆ. ಇದರಲ್ಲೂ ನಾಯಿ ಬೆಕ್ಕಿಗೆ ಒಂದು ಪ್ಯಾಕು, ಕಾಲೇಜಿಗೆ ಒಂದು ಪ್ಯಾಕು. ಮಳೆ, ಚಳಿ, ಬಿಸಿಲು ಬೇಕಾದರೆ 2018ರಲ್ಲಿ ಬಂದ ಇನ್ನೊಂದು ಪ್ಯಾಕು.

“ಮಳೆಗೂ ದುಡ್ಡೇನೋ?” ಅತ್ತೆ ಬೆರಗಾದರು. ಮಲೆನಾಡಿನಲ್ಲಿ ಹುಟ್ಟಿ ಬೆಳೆದ ಹೆಂಗಸು. ತಿಂಗಳುಗಟ್ಟಲೆ ಬಟ್ಟೆ ಒಣಗದ್ದಕ್ಕೆ ಯಾರೂ ಬಿಲ್ಲು ಕಳಿಸಿರಲಿಲ್ಲ.

“ಸುಲಿಗೆ ಅಮ್ಮ ಸುಲಿಗೆ. ಒಂದು ರೂಪಾಯಿ ಕೊಡಬಾರದು ಇವರಿಗೆ” ಎಂದ ಪುಟ್ಟು. ಎಷ್ಟು ಪ್ಯಾಕು ಕೊಂಡಿದ್ದೀಯ ಎಂದು ಕೇಳಿದೆ. ಕೇಳಿಸಲಿಲ್ಲವೆಂಬಂತೆ ನೀರು ಕುಡಿದ. ಎರಡನೆಯ ಸಲ ಕೇಳಿದಾಗ, “ಮಳೆ ಇಲ್ದೆ ಹೇಗೆ ಭಾವ ಬದುಕೋದು” ಎಂದ.

ಇಷ್ಟೆಲ್ಲದರ ನಡುವೆ ಆಟವನ್ನು ತಕರಾರಿಲ್ಲದೆ ಸವಿದವರು ನಮ್ಮ ಅತ್ತೆ ಒಬ್ಬರೇ. ಆಟದ ಹೆಣ್ಣುಮಗಳ ತಲೆಯ ಮೇಲೆ ಹಸಿರು ಹರಳೊಂದು ತೇಲುತ್ತಿರುತ್ತದೆ. ಅದನ್ನು ನೋಡಿ, “ಪಚ್ಚೆ ಹಾಕಿಸಿಕೊಂಡಿದ್ದಾಳೆ. ಬುಧ ಸರಿಯಿಲ್ಲ ಅಂತ ಯಾರೋ ಹೇಳಿರಬೇಕು” ಎಂದರು. ಅಲ್ಲಿಯವರು ಆಡುವುದು ಯಾವ ದೇಶದ್ದೂ ಅಲ್ಲದ, ಆಟಕ್ಕೆಂದೇ ಹುಟ್ಟಿಸಿದ ಸಿಮ್ಲಿಶ್ ಎಂಬ ಭಾಷೆ. ಅತ್ತೆಗೆ ಅದೂ ಅಡ್ಡಿಯಾಗಲಿಲ್ಲ. “ಜಗಳ ಅಂತ ಗೊತ್ತಾಗುತ್ತಲ್ಲ, ಸಾಕು. ಇವಳದೇ ತಪ್ಪು” ಎಂದು ತೀರ್ಪು ಕೊಟ್ಟರು. ಪುಟ್ಟು ಮನೆ ಕಟ್ಟುವಾಗ ಮಾತ್ರ ಹಿಂದೆ ನಿಂತು, “ಈಶಾನ್ಯಕ್ಕೆ ಕಕ್ಕಸು ಇಟ್ಟಿದೀಯಲ್ಲೋ, ಆ ಮನೆ ಏಳಿಗೆ ಆಗುತ್ತಾ?” ಎಂದು ಒಂದೇ ಸಮ ಹೇಳಿ ಅದನ್ನು ಮೂರು ಸಲ ಕೀಳಿಸಿದರು. ಕಡೆಗೆ ದೇವರ ಮನೆಗೆ ದುಡ್ಡು ಸಾಲದೆ ಪುಟ್ಟು ‘ಮದರ್‌ಲೋಡ್’ ಎಂದು ಟೈಪ್ ಮಾಡಿದ. ಇದು ಆಟದೊಳಗಿನ ಕಳ್ಳಮಂತ್ರ. ಒಂದು ಸಲ ಜಪಿಸಿದರೆ 50,000 ಸಿಮೋಲಿಯನ್, ಅಂದರೆ ಅಲ್ಲಿಯ ದುಡ್ಡು, ಬಂದು ಬೀಳುತ್ತದೆ. ಅದೇ ಹೊತ್ತಿಗೆ ಅವನ ಮೊಬೈಲಿಗೂ ಬ್ಯಾಂಕಿನಿಂದ ಸಂದೇಶ ಬಂತು. ಅದು ಇಎಂಐ ಕಳೆದ ಸಂದೇಶ.

ಹೀಗಿರುವಾಗ 2025 ಬಂತು. ಸಿಮ್ಸ್‌ಗೆ 25 ವರ್ಷ ತುಂಬಿತೆಂದು ಮೊದಲನೆಯ ಮತ್ತು ಎರಡನೆಯ ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ಆಡುವ ಹಾಗೆ ಜನವರಿ 31ರಂದು ಮತ್ತೆ ಹೊರತಂದರು. ಶುಕ್ರವಾರ. ರಾತ್ರಿಯೇ ಫೋನು.

“ಭಾವ, ಹಳೇದು ವಾಪಸ್ ಬಂತು!” ದನಿ ಗದ್ಗದವಾಗಿತ್ತು. ಇಷ್ಟು ವರ್ಷ ಆ ಹೆಸರು ಹೇಳಿಕೊಂಡು ಹೊಸದಕ್ಕೆಲ್ಲ ಮಣ್ಣೆರಚಿದ್ದವನು. ಕಡೆಗೂ ದೇವರು ಪ್ರತ್ಯಕ್ಷನಾಗಿದ್ದ. ಈ ಸಲ ಪುಟ್ಟು ದುಡ್ಡನ್ನೂ ಕೊಟ್ಟಿದ್ದ.

ಭಾನುವಾರ ಬಂದವನ ಮುಖ ನೋಡಿದರೆ ಹಬ್ಬದ ಕಳೆ ಇರಲಿಲ್ಲ. ಮಾತಿಲ್ಲದೆ ಎಲೆಯ ಮುಂದೆ ಕೂತ.

“ಏನೋ, ಹೇಗಿದೆ ಹಳೇದು?” ಎಂದೆ.

“ಆಡಿದೆ ಭಾವ. ಒಂದೇ ಸಲಕ್ಕೆ ಎರಡು ಕೆಲಸ ಮಾಡಲ್ಲ ಅವನು. ಹೊಸದರಲ್ಲಿ ಉಣ್ತಾ ಟಿವಿ ನೋಡ್ತಾನೆ, ಹೆಂಡತಿ ಜೊತೆ ಮಾತೂ ಆಡ್ತಾನೆ. ಇದರಲ್ಲಿ ಒಂದೊಂದೂ ಬೇರೆ ಬೇರೆ. ಎಂಟೆಂಟು ಅಗತ್ಯ ನೋಡ್ಕೋಬೇಕು. ಹೊಟ್ಟೆ ನೋಡಿದ್ರೆ ಸ್ನಾನ ಇಲ್ಲ, ಸ್ನಾನ ಮಾಡಿಸಿದ್ರೆ ನಿದ್ದೆ ಇಲ್ಲ. ಹೊರಗೆ ಆಫೀಸಿನ ಕಾರು ಬಂದು ಹಾರ್ನು ಹೊಡೀತಾ ಇರುತ್ತೆ. ಭಾನುವಾರ ಅನ್ನೋದೇ ಇಲ್ಲ ಭಾವ! ದಿನಾ ಕೆಲಸ. ಒಂದು ದಿನ ತಪ್ಪಿಸಬಹುದು, ಮರುದಿನಾನೂ ತಪ್ಪಿಸಿದ್ರೆ ಕೆಲಸದಿಂದ ತೆಗೀತಾರೆ.”

“ಆಗಲೂ ಹಾಗೇ ಇತ್ತಲ್ಲೋ?”

“ಆಗ ಗೊತ್ತಾಗ್ತಿರಲಿಲ್ಲ.”

“ಆಗ ನಿನಗೆ ಎರಡು ತಿಂಗಳು ಬೇಸಿಗೆ ರಜ ಇತ್ತು.”

ಅವನು ಉತ್ತರ ಕೊಡಲಿಲ್ಲ. ಕೋಸಂಬರಿಯಲ್ಲಿ ಬೆರಳಾಡಿಸಿದ. ಆಮೇಲೆ ನಿಟ್ಟುಸಿರು ಬಿಟ್ಟು, ಇಷ್ಟು ವರ್ಷದಲ್ಲಿ ನಾನು ಅವನ ಬಾಯಿಂದ ಕೇಳುತ್ತೇನೆಂದು ಎಣಿಸಿರದ ಮಾತೊಂದನ್ನು ಹೇಳಿದ:

“ಹಳೇದೂ ಮೊದಲಿನ ಹಾಗಿಲ್ಲ ಭಾವ.”

ಊಟ ಮುಗಿದ ಮೇಲೆ ಒಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡ. ಇಣುಕಿ ನೋಡಿದೆ. ನಾಲ್ಕನೆಯದು. ಹೊಸದು. ಒಬ್ಬ ಉಣ್ಣುತ್ತಾ ಟಿವಿ ನೋಡುತ್ತಿದ್ದ. ಈಶಾನ್ಯದ ಕೋಣೆ ಖಾಲಿಯಿತ್ತು. ಹೊರಗೆ ದುಡ್ಡು ಕೊಟ್ಟು ಕೊಂಡ ಮಳೆ ಸುರಿಯುತ್ತಿತ್ತು.

ಅತ್ತೆ ಹೋಳಿಗೆಯ ತಟ್ಟೆ ಹಿಡಿದು ಬಂದರು. ಪುಟ್ಟು ಪರದೆಯಿಂದ ಕಣ್ಣು ತೆಗೆಯದೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ.

“ಹೂರಣ ಮೊದಲಿನ ಹಾಗಿಲ್ಲಮ್ಮ” ಎಂದ.

“ಹೌದಪ್ಪ” ಎಂದರು ಅತ್ತೆ, “ಇದು ಐದನೇದು.”