ನನಗಿರುವ ರೋಗವೆಂದರೆ ನಮ್ಮ ಯಜಮಾನರು

ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಒಂಬತ್ತನೇ ಮಹಡಿ. ಹಾಲ್‌ನಲ್ಲಿ ಟಿ.ವಿ.ಗಿಂತ ಒಳ್ಳೆಯ ಜಾಗ ಹಿಡಿದು ನಿಂತಿರುವವರು ಮಾನ್‌ಸ್ಟೆರಾ ಆಲ್ಬೊ. ಅರ್ಧ ಹಸಿರು, ಅರ್ಧ ಸುಣ್ಣದ ಬಿಳುಪು, ಒಟ್ಟು ಐದು ಎಲೆ. ಯಜಮಾನರು ಆಫೀಸಿಗೆ ಹೋದ ಹೊತ್ತು ನೋಡಿ ಮಾತಿಗೆ ಸಿಕ್ಕರು.

ಪ್ರಶ್ನೆ: ನಮಸ್ಕಾರ. ತಮ್ಮ ಊರು, ಮನೆತನ?

ಆಲ್ಬೊ: ಮೂಲ ದಕ್ಷಿಣ ಮೆಕ್ಸಿಕೊದಿಂದ ಪನಾಮಾವರೆಗಿನ ಮಳೆಕಾಡು. ಅಲ್ಲಿ ನಮ್ಮವರು ದೊಡ್ಡ ಮರಗಳನ್ನು ಹಿಡಿದು ಮೇಲೇರುತ್ತಾರೆ. ಮನೆತನದಲ್ಲಿ ನಿಮ್ಮ ಪತ್ರೊಡೆಯ ಕೆಸು, ಹುಳಿಯ ಸುವರ್ಣಗೆಡ್ಡೆ ಎಲ್ಲ ದಾಯಾದಿಗಳೇ. ನಮ್ಮ ಎಲೆ ಕಚ್ಚಿದರೂ ಬಾಯಿ ತುರಿಸುತ್ತದೆ, ಅದೇ ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಮಕ್ಕಳು, ಬೆಕ್ಕು ಹತ್ತಿರ ಬರದಂತೆ ನೋಡಿಕೊಳ್ಳಿ ಅಂತ ಬರೆದುಕೊಳ್ಳಿ.

ಪ್ರಶ್ನೆ: ಕೆಸುವನ್ನು ಸಂತೆಯಲ್ಲಿ ಕಟ್ಟುಗಟ್ಟಲೆ ಮಾರುತ್ತಾರೆ. ನಿಮಗೆ ಮಾತ್ರ ಸಾವಿರಾರು ರೂಪಾಯಿ. ಯಾಕೆ?

ಆಲ್ಬೊ: ಕೆಸು ಉಪಯೋಗಕ್ಕೆ ಬರುತ್ತದೆ, ಅದಕ್ಕೇ ಅಗ್ಗ. ನನ್ನ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲ, ಒಂದು ತುತ್ತೂ ಅದು ದುಡಿಯುವುದಿಲ್ಲ. ಕೂಡುಕುಟುಂಬದಲ್ಲಿ ಅಣ್ಣ ಹೊಲ ಉಳುತ್ತಿದ್ದರೆ ತಮ್ಮ ಇಸ್ತ್ರಿ ಅಂಗಿ ತೊಟ್ಟು ಜಗಲಿಯ ಮೇಲೆ ಕೂತಿರುತ್ತಾನಲ್ಲ, ಹಾಗೆ. ಬಂದವರೆಲ್ಲ ಹೊಗಳುವುದು ತಮ್ಮನನ್ನೇ. 2021ರಲ್ಲಿ ನ್ಯೂಜಿಲೆಂಡಿನಲ್ಲಿ ನಮ್ಮದೇ ಕುಟುಂಬದ ರ‍್ಯಾಫಿಡೊಫೊರಾ ಎಂಬ ಬಿಳಿ ಮಚ್ಚೆಯ ಗಿಡ ಹರಾಜಿನಲ್ಲಿ ಅಲ್ಲಿನ 27,100 ಡಾಲರಿಗೆ ಹೋಯಿತು. ಇದ್ದದ್ದು ಒಂಬತ್ತು ಎಲೆ. ವಧು ಬೇಕಾಗಿದ್ದಾಳೆ ಎಂಬ ಜಾಹೀರಾತಿನಲ್ಲೇ ಬಣ್ಣ ಕೇಳುವವರಿಗೆ ಇದನ್ನೇನು ಬಿಡಿಸಿ ಹೇಳುವುದು?

ಪ್ರಶ್ನೆ: ಆ ಬಿಳುಪಿನ ಅಂಚೇ ಕಂದಾಗಿದೆಯಲ್ಲ?

ಆಲ್ಬೊ: ಜಗಲಿಯ ತಮ್ಮನಿಗೆ ಬಿಸಿಲು ತಡೆಯುವುದಿಲ್ಲ ಸ್ವಾಮಿ. ಫೋಟೊ ಚೆನ್ನಾಗಿ ಬರುತ್ತದೆಂದು ಯಜಮಾನರು ನನ್ನನ್ನು ಪಶ್ಚಿಮದ ಬಾಲ್ಕನಿಯಲ್ಲಿಟ್ಟರು. ಮಧ್ಯಾಹ್ನ ಮೂರರ ಬಿಸಿಲಿಗೆ ಬಿಳಿ ಭಾಗ ಸುಟ್ಟಿತು. ನನಗೆ ಬೇಕಾದದ್ದು ಪೂರ್ವದ ಕಿಟಕಿ, ಇಲ್ಲವೇ ಪರದೆ ಸೋಸಿ ಕೊಟ್ಟ ಬೆಳಕು. ಫೆಬ್ರವರಿಯಿಂದ ಮಳೆ ಬರುವವರೆಗೆ ಗಾಳಿ ಒಣಗಿರುತ್ತದೆ, ಬೋರ್‌ವೆಲ್ ನೀರಿನ ಉಪ್ಪು ಮಣ್ಣಿನಲ್ಲಿ ಕೂರುತ್ತದೆ, ಮೇಲೆ ಗೊಬ್ಬರ ಬೇರೆ. ಅಂಚು ಕಂದಾಗಲು ಇನ್ನೇನು ಬೇಕು? ಮಳೆ ನೀರೋ ಆರ್‌ಒ ನೀರೋ ಹಾಕಿ. ಆಗಾಗ ತಳದಿಂದ ಹರಿದು ಹೋಗುವಷ್ಟು ನೀರು ಹೊಯ್ದು ಉಪ್ಪು ತೊಳೆಯಿರಿ. ಅವರು ಮಾಡುವುದು ಮಾತ್ರ ದಿನಕ್ಕೆರಡು ಬಾರಿ ಸ್ಪ್ರೇ. ಅದರ ತೇವ ಅವರು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಆರಿರುತ್ತದೆ. ಒಮ್ಮೆ ಕಂದಾದದ್ದು ಮತ್ತೆ ಬೆಳ್ಳಗಾಗುವುದಿಲ್ಲ. ಹೊಸ ಎಲೆ ಹೇಗೆ ಬರುತ್ತಿದೆ ನೋಡಿ, ಹಳೆಯದಕ್ಕೆ ಅಳಬೇಡಿ.

ಪ್ರಶ್ನೆ: ಎಲೆ ಹಳದಿಯಾದರೆ?

ಆಲ್ಬೊ: ನಮ್ಮ ಮನೆಯ ಚಿಕಿತ್ಸಾಕ್ರಮ ಕೇಳಿ. ಮೊದಲು ನೀರು. ಬಗ್ಗದಿದ್ದರೆ ಗೊಬ್ಬರ. ಅದಕ್ಕೂ ಬಗ್ಗದಿದ್ದರೆ ದೊಡ್ಡ ಕುಂಡ. ಕೊನೆಗೆ ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆದರು; ಕೆಮ್ಮಿದ್ದು ಪಕ್ಕದ ಫ್ಲಾಟಿನವರು. ತಳದ ಹಳೆಯ ಎಲೆಯೊಂದೇ ಹಳದಿಯಾದರೆ ಅದು ವಯಸ್ಸು, ಬಿಡಿ. ಮಣ್ಣು ಒಣಗಿ ಎಲೆ ಗರಿಗರಿಯಾಗಿ ಜೋತುಬಿದ್ದಿದ್ದರೆ ಬಾಯಾರಿಕೆ. ಮಣ್ಣು ಹಸಿಯಾಗಿದ್ದೂ ನಾಲ್ಕೈದು ಎಲೆ ಹಳದಿಯಾಗಿ, ಕುಂಡದಿಂದ ವಾಸನೆ ಬಂದರೆ ಬೇರು ಕೊಳೆಯುತ್ತಿದೆ ಅಂತ. ಕೆಸು ದಾಯಾದಿ ಕೆಸರಿನಲ್ಲೂ ಸುಖವಾಗಿರುತ್ತಾನೆ. ನಾನು ಮರ ಹತ್ತುವ ಪೈಕಿ, ನನ್ನ ಬೇರಿಗೆ ಗಾಳಿ ಬೇಕು. ಇವರು ನನ್ನನ್ನು ತಳದಲ್ಲಿ ತೂತೇ ಇಲ್ಲದ ಪಿಂಗಾಣಿ ಕುಂಡದಲ್ಲಿ ನೆಟ್ಟಿದ್ದರು. ಸೋಫಾಕ್ಕೆ ಅದು ಮ್ಯಾಚ್ ಆಗುತ್ತಿತ್ತಂತೆ.

ಪ್ರಶ್ನೆ: ಬೇರು ಕೊಳೆತ ಮೇಲೆ ಉಳಿಗಾಲವುಂಟೇ?

ಆಲ್ಬೊ: ಬೇಗ ಕಂಡರೆ ಉಂಟು. ಕುಂಡದಿಂದ ತೆಗೆದು ಬೇರು ತೊಳೆಯಿರಿ. ಬೆಳ್ಳಗೆ ಗಟ್ಟಿಯಾಗಿರುವುದು ಬದುಕಿದ್ದು. ಕಂದಾಗಿ ಮೆತ್ತಗಾದದ್ದನ್ನು ಶುದ್ಧ ಮಾಡಿದ ಕತ್ತರಿಯಿಂದ ತೆಗೆಯಿರಿ. ತೆಂಗಿನ ನಾರಿನ ತುಂಡು, ಪರ್ಲೈಟ್, ಇದ್ದಿಲು ಸೇರಿಸಿದ ಸಡಿಲ ಮಿಶ್ರಣದಲ್ಲಿ, ಉಳಿದ ಬೇರಿಗೆ ತಕ್ಕ ಸಣ್ಣ ಕುಂಡದಲ್ಲಿ ನೆಡಿ. ಹೊಸ ಎಲೆ ಬರುವವರೆಗೆ ಗೊಬ್ಬರದ ಡಬ್ಬಿ ಅಟ್ಟದ ಮೇಲಿರಲಿ.

ಪ್ರಶ್ನೆ: ಮೈಮೇಲೆ ಬೂದುಬಣ್ಣದ ಗೀರುಗಳು ಕಾಣುತ್ತಿವೆ...

ಆಲ್ಬೊ: ಥ್ರಿಪ್ಸ್. ಬೆಳ್ಳಿ ಗೀರು, ನಡುವೆ ಕರಿಚುಕ್ಕೆಯಂಥ ಹಿಕ್ಕೆ. ಎಲೆಯ ಕೆಳಗೆ ಸಣ್ಣ ಬಲೆ, ಮೇಲೆ ಸೂಜಿಮೊನೆಯಷ್ಟು ಹಳದಿ ಚುಕ್ಕೆ ಇದ್ದರೆ ಜೇಡನುಸಿ. ಸಂದಿಯಲ್ಲಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ. ಗಿಡವನ್ನು ಬೇರೆ ಇಡಿ, ಎಲೆಯ ಎರಡೂ ಬದಿ ತೊಳೆಯಿರಿ. ಬೇವಿನೆಣ್ಣೆಗೆ ಚೂರು ಸೋಪು ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ, ಮೊದಲು ಒಂದೇ ಎಲೆಯ ಮೇಲೆ ಪರೀಕ್ಷಿಸಿ. ಒಂದು ಸಲಕ್ಕೆ ಮುಗಿಯದು, ಮೊಟ್ಟೆಗಳು ಇನ್ನೂ ಬಾಕಿ ಇರುತ್ತವೆ; ಕೆಲವು ವಾರ ಬಿಡದೆ ಮಾಡಬೇಕು.

ಪ್ರಶ್ನೆ: ಇತ್ತೀಚೆಗೆ ನಿಮ್ಮ ಎಲೆಗಳು ಪೂರ್ತಿ ಹಸಿರಾಗಿ ಬರುತ್ತಿವೆ ಎಂದು ಯಜಮಾನರಿಗೆ ಚಿಂತೆಯಂತೆ.

ಆಲ್ಬೊ: ಅಣ್ಣನಿಗೆ ಶಕ್ತಿ ಜಾಸ್ತಿ, ಬೇಗ ಬೆಳೆಯುತ್ತಾನೆ. ತುದಿಮೊಗ್ಗಿನಲ್ಲಿ ಹಸಿರು ಕೋಶಗಳ ಕೈ ಮೇಲಾದರೆ ಮುಂದಿನ ಎಲೆಗಳೂ ಹಸಿರೇ. ಗೆರೆ ನೋಡಬೇಕಾದದ್ದು ಎಲೆಯಲ್ಲಲ್ಲ, ಕಾಂಡದಲ್ಲಿ. ಬಿಳಿ ಗೆರೆಯಿರುವ ಗೆಣ್ಣಿನ ಮೇಲಕ್ಕೆ ಕತ್ತರಿಸಿದರೆ ಅಲ್ಲಿಂದ ಮಿಶ್ರ ಚಿಗುರು ಬರಬಹುದು, ಖಾತರಿಯಿಲ್ಲ. ಪೂರ್ತಿ ಬಿಳಿ ಎಲೆಗಳೇ ಬರತೊಡಗಿದರೂ ಹಾಗೇ ಕತ್ತರಿಸಬೇಕು; ಮನೆಯಲ್ಲಿ ದುಡಿಯುವವರೇ ಇಲ್ಲದೆ ಹೋದರೆ ಗಿಡ ಉಪವಾಸ. ಆದರೆ ನಮ್ಮವರ ನ್ಯಾಯ ಬೇರೆ. ದುಡಿಯುವ ಹಸಿರು ಬಂದರೆ ತಲೆ ತೆಗೆಯುತ್ತಾರೆ, ಸಾಯುವ ಬಿಳಿ ಬಂದರೆ ಫೋಟೊ ತೆಗೆಯುತ್ತಾರೆ.

ಪ್ರಶ್ನೆ: ನಿಮ್ಮ ಬೀಜವೂ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದಂತೆ?

ಆಲ್ಬೊ: ಆ ಬಿಳುಪು ಬೀಜದಲ್ಲಿ ಇಳಿದು ಬರುವುದಿಲ್ಲ. ನಾವು ಗೆಣ್ಣು ಕತ್ತರಿಸಿ ನೆಟ್ಟು ಬೆಳೆಯುವವರು. ಬೀಜ ಕೊಂಡವರಿಗೆ ಮೊಳೆಯುವುದು ಬುದ್ಧಿ ಮಾತ್ರ.

ಪ್ರಶ್ನೆ: ಕೊನೆಯದಾಗಿ ಓದುಗರಿಗೆ ಒಂದು ಮಾತು?

ಆಲ್ಬೊ: ನೀರು ಹಾಕುವ ಮುಂಚೆ ಎರಡು ಇಂಚು ಬೆರಳಿಳಿಸಿ ಮಣ್ಣು ಮುಟ್ಟಿ ನೋಡಿ. ಒಣಗಿದ್ದರೆ ಹಾಕಿ. ಒದ್ದೆ ತಾಗಿದರೆ ಆ ಚೊಂಬು ನೀರನ್ನು ನೀವೇ ಕುಡಿಯಿರಿ. ಎಸಿ ಆಫೀಸಿನಲ್ಲಿ ಕೂತು ನಮ್ಮ ಯಜಮಾನರೂ ನೀರು ಕಡಿಮೆಯೇ ಕುಡಿಯುತ್ತಾರೆ.